ಸ್ಕಾಲರ್‌ಶಿಪ್ಪಿನ ಆಸೆ, ಮನೆಯ ಪತ್ರ

ಹೋದ ಭಾನುವಾರ ಹಿಂಜವಡಿಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಗದಗದ ಕಡೆಯವನು, ಸಾಫ್ಟ್‌ವೇರಿನಲ್ಲಿ ಐದು ವರ್ಷ ದುಡಿದಿದ್ದಾನೆ. 'ಸರ, ಎಂಬಿಎ ಮಾಡಬೇಕಂತೀನಿ. ನಮ್ಮಂಥ ಇಂಜಿನಿಯರಿಗೆ ಸ್ಕಾಲರ್‌ಶಿಪ್ ಸಿಗ್ತದೇನ್ರಿ?' ಅಂದ. ಈ ಅಂಕಣದಲ್ಲಿ ಮನೆ ಬಾಡಿಗೆ, ಪಿಎಫ್, ಗೃಹಸಾಲ ಎಲ್ಲ ಬರೆದಿದ್ದೇನೆ. ಇದನ್ನು ಮಾತ್ರ ಮುಂದೂಡುತ್ತಲೇ ಬಂದೆ. ನನ್ನದೇ ಕಥೆ ಹೇಳಬೇಕಾಗುತ್ತದಲ್ಲ ಎಂಬ ಸಂಕೋಚ.

ಸ್ಕಾಲರ್‌ಶಿಪ್ ಅಂದರೆ ನಮಗೆ ನೆನಪಾಗುವುದು ಎಸ್ಸೆಲ್ಸಿಯಲ್ಲಿ ರ್‍ಯಾಂಕ್ ಬಂದವನಿಗೆ ಕೊಡುವ ಬಹುಮಾನ. ಬಿ-ಸ್ಕೂಲುಗಳಲ್ಲಿ ಬಹುಪಾಲು ಅದು ಬಹುಮಾನವಲ್ಲ, ಶಾಲೆ ತನಗೆ ಬೇಕಾದವನನ್ನು ಸೆಳೆಯಲು ಶುಲ್ಕದಲ್ಲಿ ಬಿಡುವ ರಿಯಾಯಿತಿ. ಹಾಗಾಗಿ ಅಂಕ ಎಷ್ಟು ಅನ್ನುವುದರ ಜೊತೆಗೇ, ನಿನ್ನಂಥವರು ಇನ್ನೆಷ್ಟು ಜನ ಸಾಲಿನಲ್ಲಿದ್ದಾರೆ ಅನ್ನುವುದೂ ಮುಖ್ಯ. ಜಿಮ್ಯಾಟ್‌ನಲ್ಲಿ ಚೆನ್ನಾಗಿ ಮಾಡಿದ ಭಾರತದ ಇಂಜಿನಿಯರುಗಳ ಸಾಲು ಶಿರಡಿಯ ಗುರುವಾರದ ಸಾಲಿಗಿಂತ ಉದ್ದ.

ಎಲ್ಲ ಕಡೆಯೂ ಹೀಗೇ ಅಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಪ್ರತಿಭೆ ನೋಡಿ ಹಣ ಕೊಡುವುದೇ ಇಲ್ಲ, ಅಗತ್ಯ ಮಾತ್ರ ನೋಡುತ್ತದೆ. ಅಲ್ಲಿನ ಸುಮಾರು ಅರ್ಧದಷ್ಟು ವಿದ್ಯಾರ್ಥಿಗಳಿಗೆ ಸಹಾಯ ಸಿಗುತ್ತದೆ. ಪುಣೆಯಲ್ಲಿ ನಮ್ಮನ್ನು ಉಳ್ಳವರ ಸಾಲಿಗೆ ಸೇರಿಸುವ ಸಂಬಳ ಡಾಲರಿಗೆ ಬದಲಾದಾಗ ಬಡತನದ ಪ್ರಮಾಣಪತ್ರವೇ ಆಗಿಬಿಡುತ್ತದೆ! ಆದರೆ ಮೊದಲು ಒಳಗೆ ಹೋಗಬೇಕಲ್ಲ, ಕಷ್ಟ ಅಲ್ಲಿದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಭಾರತೀಯರಿಗೆಂದೇ ರಿಲಯನ್ಸ್ ಧೀರೂಭಾಯಿ ಫೆಲೋಶಿಪ್ ಇದೆ. ವರ್ಷಕ್ಕೆ ಹೆಚ್ಚೆಂದರೆ 5 ಜನರಿಗೆ, ಅದೂ ಓದು ಮುಗಿಸಿ ಭಾರತಕ್ಕೆ ಬಂದು ಕೆಲಸ ಮಾಡಬೇಕೆಂಬ ಷರತ್ತಿನೊಂದಿಗೆ.

ಹೊರಗಿನ ಟ್ರಸ್ಟುಗಳ ಹಿಂದೆ ಬೀಳುವ ಮುನ್ನ ನಿಯಮ ಓದಿ. ಇನ್‌ಲ್ಯಾಕ್ಸ್‌ಗೆ ಅರ್ಜಿ ಬರೆಯಲು ನಾನು ಎರಡು ರಾತ್ರಿ ಕೂತಿದ್ದೆ. ಅವರು ಬಿಸಿನೆಸ್ ಓದಿಗೆ ಕೊಡುವುದೇ ಇಲ್ಲವೆಂದು ಆಮೇಲೆ ಗೊತ್ತಾಯಿತು. 1892ರಲ್ಲಿ ಶುರುವಾದ ಜೆ. ಎನ್. ಟಾಟಾ ಎಂಡೋಮೆಂಟಿನದು ಸಾಲದ ರೂಪದ ಸ್ಕಾಲರ್‌ಶಿಪ್, ತಿರುಗಿ ಕಟ್ಟಬೇಕು. ಬ್ರಿಟನ್ನಿನ ಚೀವ್ನಿಂಗ್‌ಗೆ 2 ವರ್ಷದ ಕೆಲಸದ ಅನುಭವ ಸಾಕು, ಎಂಬಿಎಗೂ ಕೊಡುತ್ತಾರೆ, ಆದರೆ ಶುಲ್ಕಕ್ಕೆ ಒಂದು ಮಿತಿ ಹಾಕಿದ್ದಾರೆ. ಮಿಕ್ಕದ್ದು ನಿಮ್ಮ ಜೇಬಿನಿಂದ.

ಈಗ ನನ್ನ ಕಥೆ. 2014ರಲ್ಲಿ ನಾನು ಚಾಕಣ್‌ನ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿದ್ದೆ. ಯುರೋಪಿನ ಒಂದು ಶಾಲೆಯಲ್ಲಿ ಸೀಟು ಸಿಕ್ಕಿತು, ಸ್ಕಾಲರ್‌ಶಿಪ್ ಸೊನ್ನೆ. ಬ್ಯಾಂಕಿನವರು 45 ಲಕ್ಷದ ಸಾಲಕ್ಕೆ ಧಾರವಾಡದ ಮನೆ ಅಡವಿಡಿ ಅಂದರು. ಅಪ್ಪ ನಿವೃತ್ತ ಮಾಸ್ತರು. ಒಂದು ಮಾತೂ ಆಡದೆ ಟ್ರಂಕು ತೆಗೆದು ಪತ್ರ ತಂದು ಮೇಜಿನ ಮೇಲಿಟ್ಟರು. ಆ ರಾತ್ರಿ ನಾನು ಶಾಲೆಗೆ ಬರುವುದಿಲ್ಲವೆಂದು ಬರೆದೆ.

ಮಾರನೆಯ ವರ್ಷ ಮತ್ತೆ ಅರ್ಜಿ ಹಾಕುವಾಗ ಹೆಂಡತಿ ಹಳೆಯ ಪ್ರಬಂಧ ಓದಿದಳು. 'ಇದರಾಗ ನೀವು ಎಲ್ಲಿದ್ದೀರಿ?' ಅಂದಳು. ನಿಜ. ಹನ್ನೆರಡು ಜನರ ತಂಡ, ಇಷ್ಟು ಕೋಟಿಯ ಪ್ರಾಜೆಕ್ಟು, ಸಮಯಕ್ಕೆ ಸರಿಯಾಗಿ ಮುಗಿಸಿದೆವು. ಯಾವ ಇಂಜಿನಿಯರ್ ಬೇಕಾದರೂ ಸಹಿ ಹಾಕಬಹುದಾಗಿತ್ತು. ನಮ್ಮ ರಾತ್ರಿ ಪಾಳಿಯಲ್ಲಿ ಕಲಬುರಗಿ, ವಿಜಯಪುರದಿಂದ ಬಂದ ಗುತ್ತಿಗೆ ಹುಡುಗರೇ ಹೆಚ್ಚು. ಕೆಲಸದ ಸೂಚನೆಯ ಹಾಳೆಗಳು ಇಂಗ್ಲಿಷು, ಮರಾಠಿಯಲ್ಲಿ. ರಾತ್ರಿ ಪಾಳಿಯ ರಿಜೆಕ್ಷನ್ ನೂರಕ್ಕೆ ಏಳು, ಹಗಲಿನದು ಎರಡು. ಹುಡುಗರಿಗೆ ಶ್ರದ್ಧೆಯಿಲ್ಲ ಎಂದು ಎಲ್ಲರೂ ಬೈಯುತ್ತಿದ್ದರು. ನಾನು ಚಿತ್ರ ಬರೆದು ಕನ್ನಡದಲ್ಲಿ ಹಾಳೆ ಮಾಡಿ ಅಂಟಿಸಿದೆ, ಎರಡು ತಿಂಗಳಿಗೆ ರಾತ್ರಿಯದೂ ಎರಡಕ್ಕೆ ಇಳಿಯಿತು. ಇದನ್ನು ನಾನು ಮೊದಲ ಅರ್ಜಿಯಲ್ಲಿ ಬರೆದೇ ಇರಲಿಲ್ಲ. ಇದೇನು ಇಂಜಿನಿಯರಿಂಗ್ ಕೆಲಸವೇ ಎಂದುಕೊಂಡಿದ್ದೆ.

ಎರಡನೇ ಸಲ ಅದನ್ನೇ ಬರೆದೆ. ಮೊದಲ ಸುತ್ತಿನಲ್ಲೇ ಹಾಕಿದೆ, ಏಕೆಂದರೆ ತಡವಾದಷ್ಟೂ ಶಾಲೆಯ ಗಂಟು ಕರಗಿರುತ್ತದೆ. ಒಂದು ಶಾಲೆ ಶುಲ್ಕದ ಕಾಲುಭಾಗ ಬಿಟ್ಟಿತು. ನನಗೆ ಬೇಕಿದ್ದ ಇನ್ನೊಂದು ಶಾಲೆ ಏನೂ ಬಿಡಲಿಲ್ಲ. ಮೊದಲನೆಯದರ ಪತ್ರ ಲಗತ್ತಿಸಿ, ಮರುಪರಿಶೀಲಿಸಲು ಸಾಧ್ಯವೇ ಎಂದು ಕೇಳಿದೆ. ಕೇಳುವಾಗ ಕೈ ನಡುಗುತ್ತಿತ್ತು. ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವ ನಾವು ಇಲ್ಲಿ ಯಾಕೆ ಹೆದರುತ್ತೇವೋ. ಅವರು 40 ಶೇಕಡಾ ಬಿಟ್ಟರು.

ಆದರೂ 25 ಲಕ್ಷ ಸಾಲ ಬೇಕಾಯಿತು, ಮನೆಯ ಪತ್ರವೂ ಹೋಯಿತು. ಇದನ್ನು ಆ ಹುಡುಗನಿಗೆ ಎರಡೆರಡು ಸಲ ಹೇಳಿದೆ. ಪೂರ್ತಿ ಹಣ ಸಿಗುವ ಲೆಕ್ಕದಲ್ಲಿ ರಾಜೀನಾಮೆ ಕೊಡಬೇಡ. ಸಾಲದ ಬಡ್ಡಿಗೆ 8 ವರ್ಷ ತೆರಿಗೆ ವಿನಾಯಿತಿ ಇದೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ.

'ಸರ, ನನ್ನ ಹತ್ರ ಅಂಥಾ ಕಥಿ ಏನಿಲ್ರಿ' ಅಂದ. ಐದು ವರ್ಷದಲ್ಲಿ ಮ್ಯಾನೇಜರು ಹೇಳದೆ ನೀನಾಗಿಯೇ ಮಾಡಿದ ಒಂದು ಕೆಲಸ ಹೇಳು ಅಂದೆ. ತುಸು ಹೊತ್ತು ಸುಮ್ಮನಿದ್ದ. ಆಮೇಲೆ ಶುರು ಮಾಡಿದವನು ಇಪ್ಪತ್ತು ನಿಮಿಷ ನಿಲ್ಲಿಸಲಿಲ್ಲ.

ನಮ್ಮ ಮನೆಯ ಪತ್ರ 2021ರಲ್ಲಿ ಬ್ಯಾಂಕಿನಿಂದ ವಾಪಸು ಬಂತು. ಅಪ್ಪ ಲಕೋಟೆ ಒಡೆದು ನೋಡಲೂ ಇಲ್ಲ, ಹಾಗೇ ಟ್ರಂಕಿಗೆ ಹಾಕಿ, ಚಹಾ ಆಯಿತೇನು ಎಂದು ಅಮ್ಮನನ್ನು ಕೇಳಿದರು.