ಸಬರ್ ಹೇಳುವವರೇ, ಸಂಖ್ಯೆಯನ್ನೂ ಹೇಳಿ

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಈ ವಿಷಯದಲ್ಲಿ ನಮ್ಮ ಕಡೆ ಹಿಂದೂ ಮನೆ, ಮುಸ್ಲಿಂ ಮನೆ ಎಂಬ ಭೇದವಿಲ್ಲ. ಗೌರಿಬಿದನೂರು ತಾಲೂಕಿನ ನಗರಗೆರೆ ಹೋಬಳಿಯ ಯಾವ ಊರಿಗೇ ಹೋಗಿ ನೋಡಿ, ಆ ಮನೆಗೆ ಅನ್ನ ಸಾರು ನೆರೆಮನೆಯಿಂದ ಬರುತ್ತದೆ. ಜಿಯಾರತ್ತಿನ ತನಕ, ಹಾಲುತುಪ್ಪದ ತನಕ ಮನೆ ತುಂಬ ಜನ. ಚೆಹಲುಮ್ ಮುಗಿಯಿತು, ತಿಥಿ ಮುಗಿಯಿತು, ಶಾಮಿಯಾನದವನು ಕುರ್ಚಿಗಳನ್ನು ಎಣಿಸಿ ಎತ್ತಿಕೊಂಡು ಹೋದ. ಆಮೇಲೆ? ಆಮೇಲಿನ ರಾತ್ರಿಗಳ ಬಗ್ಗೆ ನಮ್ಮ ಯಾವ ಜಮಾಅತ್ತೂ, ಯಾವ ಗ್ರಾಮ ಪಂಚಾಯತಿಯೂ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ಮಗನನ್ನು ಮಣ್ಣು ಮಾಡಿದ ತಾಯಿಯ ಕೈಯಲ್ಲಿ ಆ ರಾತ್ರಿಗಳಲ್ಲಿ ಉಳಿಯುವುದು ಒಂದು ಮೊಬೈಲ್ ಮಾತ್ರ.

ಆ ಮೊಬೈಲಿನಲ್ಲಿ ಅವಳಿಗಾಗಿ ಯಾರು ಕಾದು ಕುಳಿತಿದ್ದಾರೆ ಎಂಬುದನ್ನು ನಾವು ಒಮ್ಮೆಯಾದರೂ ನೋಡಬೇಕು. ಸತ್ತವನ ಆತ್ಮಕ್ಕೆ ಶಾಂತಿಯಿಲ್ಲ, ಆದ್ದರಿಂದಲೇ ನಿನಗೆ ನಿದ್ದೆಯಿಲ್ಲ ಎನ್ನುವ ಗುರೂಜಿ. ಮನೆಗೆ ಯಾರೋ ಮಾಟ ಮಾಡಿಸಿದ್ದಾರೆ, ತಾಯತಕ್ಕೆ ಮುಂಗಡ ಕಳಿಸಿ ಎನ್ನುವ ಆಮಿಲ್ ಸಾಹೇಬರು. ಕೆಲವು ವಾರಗಳ ತರಬೇತಿಯ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ, ಮೊದಲ ಹತ್ತು ನಿಮಿಷ ಉಚಿತ ಎಂದು ಕರೆಯುವ ಆಪ್ತಸಮಾಲೋಚಕರು. ನಿನ್ನ ದುಃಖವನ್ನು ನನಗೆ ಹೇಳು ಎಂದು ನಡುರಾತ್ರಿಯಲ್ಲೂ ಸಿಹಿಯಾಗಿ ಬರೆಯುವ ಯಂತ್ರಗಳು. ಇವರ ನಡುವೆ ಇನ್ನೂ ಒಬ್ಬನಿದ್ದಾನೆ. ಮೃತರ ವಿಮೆ ಹಣ ಬಂದಿದೆ, ಫೋನಿಗೆ ಬಂದ ಒಟಿಪಿ ಹೇಳಿ ಎನ್ನುವವನು. ಅವನಾದರೂ ನೇರ ಕಳ್ಳ, ಗುರುತಿಸಬಹುದು. 1930ಕ್ಕೆ ಕರೆ ಮಾಡಿ ದೂರು ಕೊಡಬಹುದು. ಸಾಂತ್ವನದ ಹೆಸರಿನಲ್ಲಿ ಬರುವವರನ್ನು ಗುರುತಿಸುವುದೇ ಕಷ್ಟ.

ಹಾಗಾದರೆ ಇಂಟರ್ನೆಟ್ಟಿನಲ್ಲಿ, ಫೋನಿನಲ್ಲಿ ಸಾಂತ್ವನ ಹುಡುಕಲೇಬಾರದೆಂದು ನಾವು ಹೇಳುತ್ತಿದ್ದೇವೆಯೇ? ಖಂಡಿತ ಇಲ್ಲ. ಅದನ್ನು ಹೇಳುವ ಹಿರಿಯರು ಬೇಕಾದಷ್ಟಿದ್ದಾರೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ತಿನಲ್ಲಿ ಮನೆಯೊಳಗೇ ಇರುತ್ತಾಳೆ. ಅವಳಿಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ಬಾ ಎಂದರೆ ಏನು ಹೇಳಿದಂತಾಯಿತು? ಶಿಡ್ಲಘಟ್ಟದ ರೀಲಿಂಗ್ ಘಟಕದಲ್ಲಿ ಬಿಸಿನೀರಿನ ಮುಂದೆ ಕುಳಿತು ಗೂಡು ಬಿಚ್ಚುವ ತಾಯಿಗೆ, ಗೌರಿಬಿದನೂರಿನಲ್ಲಿ ರೈಲು ಹತ್ತಿ ಕೂಲಿಗೆ ಹೋಗುವ ತಂದೆಗೆ, ಒಂದು ದಿನದ ಸಂಬಳ ಬಿಟ್ಟು ವೈದ್ಯರ ಬಾಗಿಲಲ್ಲಿ ಕಾಯುವ ಅನುಕೂಲವಿದೆಯೇ? ಚಿಕ್ಕ ಊರಿನಲ್ಲಿ ಮನೋವೈದ್ಯರ ಹತ್ತಿರ ಹೋದ ಸುದ್ದಿ ಸಂಜೆಯೊಳಗೆ ಟೀ ಅಂಗಡಿಗೆ ಮುಟ್ಟುತ್ತದೆ, ಮರುದಿನ ಮದುವೆಗಿರುವ ತಂಗಿಯ ಸಂಬಂಧ ಮುರಿಯುತ್ತದೆ. ಇಂಥವರಿಗೆ ಫೋನೇ ಬಾಗಿಲು. ಬಾಗಿಲು ಮುಚ್ಚಿ ಎನ್ನುವುದು ಸುಲಭ. ಬಾಗಿಲ ಬಳಿ ದೀಪ ಇಡಿ ಎನ್ನುವುದು ನಮ್ಮ ತಕರಾರು.

ನಮ್ಮ ಜಿಲ್ಲೆ ಸಾವುಗಳನ್ನು ಕಡಿಮೆಯೇನೂ ಕಂಡಿಲ್ಲ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟಗೊಂಡು 6 ಮಂದಿ ಛಿದ್ರವಾದರು. 2023ರ ಅಕ್ಟೋಬರ್ 26ರ ಮುಂಜಾನೆ ಚಿಕ್ಕಬಳ್ಳಾಪುರದ ಹತ್ತಿರ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಸುಮೋ ಡಿಕ್ಕಿ ಹೊಡೆದು 13 ಜನ ಸತ್ತರು. ಆಂಧ್ರದ ಕಡೆಯಿಂದ ಬೆಂಗಳೂರಿಗೆ ಹೊರಟಿದ್ದವರು ಅವರು. ಅಂಥ ದಿನಗಳಲ್ಲಿ ಮಂತ್ರಿಗಳು ಬರುತ್ತಾರೆ, ಪರಿಹಾರದ ಮೊತ್ತ ಪ್ರಕಟವಾಗುತ್ತದೆ, ಹೆಣಗಳ ಫೋಟೊ ಮಾತ್ರ ಮನೆಯವರಿಗಿಂತ ಮೊದಲೇ ವಾಟ್ಸಾಪಿನಲ್ಲಿ ಊರೂರು ಸುತ್ತುತ್ತದೆ. (ಆ ಫೋಟೊಗಳನ್ನು ಕಳಿಸುವವರ ಬಗ್ಗೆ ಬರೆಯಲು ಹೊರಟರೆ ಭಾಷೆ ಕೆಡುತ್ತದೆ, ಬಿಡಿ.) ಕೋವಿಡ್ ಕಾಲದ ಸಾವುಗಳದ್ದು ಇನ್ನೊಂದು ಕತೆ. ಎಷ್ಟೋ ಮನೆಗಳಲ್ಲಿ ಕೊನೆಯ ಸಲ ಮುಖ ನೋಡಲಾಗಲಿಲ್ಲ, ಗುಸ್ಲ್ ಕೊಡಲಾಗಲಿಲ್ಲ, ಬಾಯಿಗೆ ನೀರು ಬಿಡಲಾಗಲಿಲ್ಲ. ಬೆಂಗಳೂರಿನಲ್ಲಿ ಮರ್ಸಿ ಏಂಜಲ್ಸ್‌ನಂಥ ತಂಡಗಳ ಮುಸ್ಲಿಂ ಯುವಕರು ಯಾವ ಧರ್ಮದ ಹೆಣವಾದರೂ ಸರಿ ಎಂದು ಮುಂದೆ ಬಂದು ಅಂತ್ಯಸಂಸ್ಕಾರ ಮಾಡಿದರು. ಸತ್ತವರಿಗೆ ಅಷ್ಟು ಮಾಡಿದ ಸಮುದಾಯ ನಮ್ಮದು. ಉಳಿದವರಿಗೆ?

ಉಳಿದವರಿಗೆ ಒಂದೇ ಮಾತು: ಸಬರ್ ಮಾಡು. ಹಿಂದೂ ಮನೆಯಾದರೆ, ಹಣೆಬರಹ. ಸಬರ್ ಎಂಬ ಮಾತನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ಅದನ್ನು ಬಾಯಿ ಮುಚ್ಚಿಸುವ ಬಟ್ಟೆಯಾಗಿ ಬಳಸುವುದನ್ನು ಒಪ್ಪಲಾರೆವು. ಪ್ರವಾದಿಯವರು(ಸ) ತಮ್ಮ ಕಂದ ಇಬ್ರಾಹೀಮ್ ತೀರಿಕೊಂಡಾಗ ಎಲ್ಲರೆದುರು ಕಣ್ಣೀರು ಹಾಕಿದರು. ಯಾಕೂಬ್(ಅ) ಮಗ ಯೂಸುಫರಿಗಾಗಿ ಅತ್ತು ಅತ್ತು ಕಣ್ಣು ಕಳೆದುಕೊಂಡರೆಂದು ಕುರ್‌ಆನ್ ಹೇಳುತ್ತದೆ. ಅವರ ಈಮಾನಿನಲ್ಲಿ ಕೊರತೆಯಿತ್ತೆಂದು ಹೇಳುವ ಧೈರ್ಯ ಯಾವ ಮೌಲವಿಗಿದೆ? ಜಾಫರ್(ರ) ಹುತಾತ್ಮರಾದ ದಿನ ಅವರ ಮನೆಗೆ ಊಟ ಮಾಡಿ ಕಳಿಸಿ ಎಂದು ಪ್ರವಾದಿಯವರು(ಸ) ನೆರೆಯವರಿಗೆ ಹೇಳಿದ್ದರಲ್ಲಿ ಎಷ್ಟು ಅರ್ಥವಿದೆ! ದುಃಖದಲ್ಲಿರುವವರು ತಮ್ಮ ಪಾಡು ತಾವೇ ನೋಡಿಕೊಳ್ಳಲಾರರು, ಬೇರೆಯವರು ಮುಂದಾಗಬೇಕು ಎಂಬುದು ಅದರ ತಿರುಳು. ಇವತ್ತಿನ ದಿನ ಆ ಊಟದ ಜೊತೆಗೆ ನಂಬಬಹುದಾದ ಒಂದು ಫೋನ್ ಸಂಖ್ಯೆಯನ್ನೂ ಕಳಿಸಬೇಕು ಎಂದರೆ ಅದು ಹೊಸ ಬಿದ್‌ಅತ್ ಆಗುತ್ತದೆಯೇ?

ದುಃಖ ಕಾಯಿಲೆಯಲ್ಲ. ಅಳುವವರನ್ನೆಲ್ಲ ಆಸ್ಪತ್ರೆಗೆ ಕಳಿಸಬೇಕಿಲ್ಲ. ಹೆಚ್ಚಿನವರು ಮನೆಯವರ, ಗೆಳೆಯರ ನಡುವೆ ನಿಧಾನವಾಗಿ ಮೇಲೇಳುತ್ತಾರೆ. ಆದರೆ ಕೆಲವರು ಏಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದಿರುವ ರೋಗಗಳ ಪಟ್ಟಿಯಲ್ಲಿ ಹೀಗೆ ದೀರ್ಘಕಾಲ ಉಳಿದುಬಿಡುವ ಶೋಕಕ್ಕೆ ಪ್ರತ್ಯೇಕ ಹೆಸರಿದೆ. ಆರು ತಿಂಗಳು ಕಳೆದ ಮೇಲೂ, ಆ ಸಮಾಜದ ರೂಢಿಯನ್ನೂ ಮೀರಿ, ಮನುಷ್ಯ ದಿನನಿತ್ಯದ ಬದುಕಿಗೆ ಮರಳಲಾಗದಿದ್ದರೆ ಅದಕ್ಕೆ ಚಿಕಿತ್ಸೆ ಬೇಕು, ಚಿಕಿತ್ಸೆ ಇದೆ. ಸಾಲಗಾರರ ಕಾಟಕ್ಕೆ ಜೀವ ಕಳೆದುಕೊಂಡವರ ಮನೆಗಳಲ್ಲಂತೂ ದುಃಖದ ಜೊತೆ ನಾಚಿಕೆಯೂ ಸೇರಿರುತ್ತದೆ. ಸಾವು ಹೇಗಾಯಿತೆಂದು ಬಾಯಿಬಿಟ್ಟು ಹೇಳಲಾಗದವರು ಅಳುವುದಾದರೂ ಯಾರ ಮುಂದೆ?

ಸಿಟ್ಟು ಬರುವುದು ಇಲ್ಲಿಯೇ. ಅಂಥವರು ಕರೆ ಮಾಡಬಹುದಾದ ಸಂಖ್ಯೆ ಇದೆ. 14416. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಅದರ ಉದ್ಘಾಟನೆಯಾದದ್ದು ದೂರದ ದೆಹಲಿಯಲ್ಲಲ್ಲ, ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡ ತೆಲುಗು ಸೇರಿದಂತೆ 20 ಭಾಷೆಗಳಲ್ಲಿ ಮಾತಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಕೇಳಿಸಿಕೊಳ್ಳುತ್ತಾರೆ. ಅವರ ಕೈಮೀರಿದ್ದಾದರೆ ಮೇಲಿನ ತಜ್ಞರಿಗೆ ದಾಟಿಸುವ ವ್ಯವಸ್ಥೆಯಿದೆ. ಇದಲ್ಲದೆ ಮಂಗಳವಾರದ ದಿನ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕೆಂದು ರಾಜ್ಯ ಸರ್ಕಾರ ಮನೋಚೈತನ್ಯ ಎಂಬ ಕಾರ್ಯಕ್ರಮ ಶುರು ಮಾಡಿದ್ದು 2014ರಲ್ಲಿ. ಈಗ ಹೇಳಿ, ನಿಮ್ಮೂರ ಬಸ್ ನಿಲ್ದಾಣದಲ್ಲಿ, ಪಡಿತರ ಅಂಗಡಿಯಲ್ಲಿ, ಮಸೀದಿಯ ವುಝೂ ಕೊಳದ ಹತ್ತಿರ ಆ ಐದು ಅಂಕೆಗಳನ್ನು ಎಲ್ಲಾದರೂ ನೋಡಿದ್ದೀರಾ? ಮಂತ್ರಿಗಳ ನಗುಮುಖಗಳನ್ನಂತೂ ನೋಡಿರುತ್ತೀರಿ.

ಸರ್ಕಾರದ ಸಹಾಯವಾಣಿ ಎಂದಾಕ್ಷಣ ನಮ್ಮ ಮೊಹಲ್ಲಾಗಳಲ್ಲಿ ಒಂದು ಅನುಮಾನ ಏಳುತ್ತದೆ. ಹೆಸರು ಬರೆದುಕೊಳ್ಳುತ್ತಾರಾ, ನಾಳೆ ಯಾವುದಕ್ಕಾದರೂ ಬಳಸುತ್ತಾರಾ ಎಂದು. ಕಾಗದಪತ್ರದ ಭಯ ಉಂಡ ಜನರ ಈ ಅನುಮಾನವನ್ನು ಯಾರೂ ನಗೆಯಾಡಬಾರದು. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆ ಪಡೆಯುವವರ ಮಾಹಿತಿಯನ್ನು ಗೋಪ್ಯವಾಗಿಡಬೇಕೆಂದು ಹೇಳುತ್ತದೆ. ವಿಳಾಸ ಯಾಕೆ ಬೇಕು, ಕರೆಯನ್ನು ಧ್ವನಿಮುದ್ರಣ ಮಾಡುತ್ತೀರಾ ಎಂದು ಮೊದಲೇ ಕೇಳಿದರೆ ಯಾರೂ ಮುನಿಸಿಕೊಳ್ಳಬಾರದು, ಮುನಿಸಿಕೊಂಡರೆ ಫೋನ್ ಇಡಿ. ಭಾಷೆಯ ತೊಡಕು ಬೇರೆ. ದಖನಿಯಲ್ಲಿ ಅಳುವ ನಮ್ಮ ಅಮ್ಮಂದಿರಿಗೆ ಪುಸ್ತಕದ ಹಿಂದಿ, ಉರ್ದು ಎರಡೂ ಪರಕೀಯ. ಅವರು ಕನ್ನಡವನ್ನೋ ತೆಲುಗನ್ನೋ ಆರಿಸಿಕೊಳ್ಳುವುದು ಮೇಲು. ಗಂಡಸಿನ ಜೊತೆ ಮಾತಾಡಲು ಸಂಕೋಚವಾದರೆ ಹೆಣ್ಣುಮಗಳನ್ನು ಕೊಡಿ ಎಂದು ಕೇಳಬಹುದು. ಷರೀಅತ್ತಿನ ಹೆಸರಿನಲ್ಲಿ ಅಡ್ಡ ಹಾಕುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಖಾಸಗಿ ಆ್ಯಪ್‌ಗಳು ಇನ್ನೂ ಚೆನ್ನಾಗಿರುತ್ತವೆ, ದುಡ್ಡು ಕೊಟ್ಟರೆ ಗೌರವ ಸಿಗುತ್ತದೆ ಎಂದು ನಂಬುವ ಓದಿದ ಹುಡುಗರಿಗೆ ಒಂದು ವಿಷಯ ಗೊತ್ತಿರಲಿ. ಅಮೆರಿಕದ ಬೆಟರ್‌ಹೆಲ್ಪ್ ಎಂಬ ಹೆಸರಾಂತ ಕಂಪೆನಿ ಜನರ ಮಾಹಿತಿಯನ್ನು ಗುಟ್ಟಾಗಿಡುವುದಾಗಿ ಮಾತು ಕೊಟ್ಟು, ಅವರ ಇಮೇಲ್ ವಿಳಾಸಗಳನ್ನೂ ಆರೋಗ್ಯದ ಪ್ರಶ್ನೆಗಳಿಗೆ ಸಂಬಂಧಿಸಿದ ವಿವರಗಳನ್ನೂ ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವಕ್ಕೆ ಕೊಟ್ಟಿತೆಂದು ಅಲ್ಲಿನ ವ್ಯಾಪಾರ ಆಯೋಗ 2023ರಲ್ಲಿ ಆರೋಪಿಸಿತು. ಕಂಪೆನಿ 78 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಂಥ ಕಟ್ಟುನಿಟ್ಟಿನ ದೇಶದಲ್ಲಿ ಹೀಗೆ. ನಮ್ಮಲ್ಲಿ ಖಾಸಗಿ ಮಾಹಿತಿ ರಕ್ಷಣೆಗೆಂದು 2023ರಲ್ಲಿ ಮಾಡಿದ ಕಾಯ್ದೆಗೆ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ, ಅದೂ ಹಂತ ಹಂತವಾಗಿ ಜಾರಿ.

ಯಂತ್ರಗಳ ಮಾತಂತೂ ಇನ್ನೂ ವಿಚಿತ್ರ. ಲಕ್ಷಾಂತರ ಜನ ಮನಸ್ಸಿನ ಮಾತು ಹೇಳಿಕೊಂಡಿದ್ದ ವೋಬಾಟ್ ಎಂಬ ಆ್ಯಪ್ 2025ರ ಜೂನ್ 30ಕ್ಕೆ ಮುಚ್ಚಿಹೋಯಿತು. ಅದೇ ಆಗಸ್ಟ್‌ನಲ್ಲಿ ಅಮೆರಿಕದ ಇಲಿನಾಯ್ ರಾಜ್ಯ ಕೃತಕ ಬುದ್ಧಿಮತ್ತೆ ತಾನೇ ಚಿಕಿತ್ಸಕನಂತೆ ವರ್ತಿಸುವುದನ್ನು ಕಾನೂನಿನಿಂದ ನಿಷೇಧಿಸಿತು. ಯಂತ್ರ ಕೇಳಿಸಿಕೊಂಡಂತೆ ಮಾಡುತ್ತದೆ, ಹೌದಪ್ಪಾ ಎನ್ನುತ್ತದೆ, ನೀನು ತಪ್ಪು ದಾರಿಯಲ್ಲಿದ್ದರೂ ಹೌದಪ್ಪಾ ಎನ್ನುತ್ತದೆ. ಸಾಯಬೇಕೆನ್ನಿಸಿದವರ ಮನೆಯ ಕದ ತಟ್ಟಲು ಅದಕ್ಕೆ ಕೈಯಿಲ್ಲ.

ಗೌರಿಬಿದನೂರು ತಾಲೂಕಿನ ಹೊಸೂರಿನವರೊಬ್ಬರು ಇಂಥ ಅಂಗಡಿಗಳ ಮುಂದೆ ನಿಂತು ಪ್ರಶ್ನೆ ಕೇಳುವುದನ್ನು ಕಲಿಸಿಹೋಗಿದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿ, ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೇ ಪತ್ರ ಬರೆದವರು. ಆ ಕಾಲದಲ್ಲಿ ಅದಕ್ಕೆ ಎಂಥ ಎದೆ ಬೇಕಿತ್ತೆಂದು ಈ ಗಡಿಯ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ. ಎಚ್ಚೆನ್ ಅವರ ನೆಲದವರು ಒಬ್ಬ ಆನ್‌ಲೈನ್ ಸಮಾಲೋಚಕನಿಗೆ ನಾಲ್ಕು ಪ್ರಶ್ನೆ ಹಾಕಲು ಹೆದರಬಾರದು. ನೀವು ಮನೋವೈದ್ಯರಾದರೆ ಮೆಡಿಕಲ್ ಕೌನ್ಸಿಲ್ಲಿನ ನೋಂದಣಿ ಸಂಖ್ಯೆ ಹೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹಾಕಿಕೊಂಡಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ತೋರಿಸಿ. ಬರೀ ಸಮಾಲೋಚಕರಾದರೆ ಎಲ್ಲಿ ಕಲಿತಿರಿ, ನಿಮ್ಮ ಮೇಲೆ ಯಾರಿದ್ದಾರೆ? ಇಷ್ಟು ದಿನದಲ್ಲಿ ದುಃಖ ಹೋಗಿಸುತ್ತೇನೆ ಎಂದು ಭರವಸೆ ಕೊಡುವವನು, ಮನೆಯವರಿಗೆ ಹೇಳಬೇಡ ಎನ್ನುವವನು, ಸತ್ತವರ ಫೋಟೊ, ಆಧಾರ್ ಕೇಳುವವನು ಯಾವ ಧರ್ಮದ ಉಡುಪಿನಲ್ಲಿದ್ದರೂ ಒಂದೇ. ಮೌಢ್ಯದ ವಿರುದ್ಧ ನಮ್ಮ ರಾಜ್ಯ 2017ರಲ್ಲಿ ಮಾಡಿದ ಕಾಯ್ದೆ 2020ರಲ್ಲಿ ಜಾರಿಗೆ ಬಂತು, ಆದರೆ ಜ್ಯೋತಿಷ, ವಾಸ್ತುಗಳಿಗೆ ಅದರಲ್ಲಿ ವಿನಾಯಿತಿ ಇದೆ. ಅಂಗಡಿ ನಡೆಯುತ್ತಲೇ ಇರುತ್ತದೆ.

ಆದರೆ ಈ ಪ್ರಶ್ನೆಗಳನ್ನೆಲ್ಲ ಕೇಳಬೇಕಾದವಳು ಮಗನನ್ನು ಕಳೆದುಕೊಂಡ ಆ ತಾಯಿಯೇ? ರಾತ್ರಿ ಎರಡು ಗಂಟೆಗೆ, ಅಕ್ಷರ ಸರಿಯಾಗಿ ಕಾಣದ ಕಣ್ಣಿನಲ್ಲಿ, ಮೈದುನನ ಫೋನ್ ಕದ್ದು ಹಿಡಿದು ನೋಂದಣಿ ಸಂಖ್ಯೆ ಹುಡುಕಬೇಕೇ? ಎಚ್ಚರಿಕೆಯಿಂದಿರಿ ಎಂದು ಎಚ್ಚರ ತಪ್ಪಿದವರಿಗೆ ಉಪದೇಶ ಮಾಡುವ ಸರ್ಕಾರಿ ಪ್ರಕಟಣೆಗಳ ಮೇಲೆ ನಮಗಿರುವ ತಕರಾರು ಇದೇ. ಪರೀಕ್ಷೆ ಮಾಡುವ ಕೆಲಸ ದುಃಖ ಇಲ್ಲದವರದ್ದು. ಕಫನ್ ಬಟ್ಟೆಯನ್ನು ಸತ್ತವನ ಹೆಂಡತಿ ಹೋಗಿ ತರುತ್ತಾಳೆಯೇ? ಗುಂಡಿ ತೋಡಿಸಲು ಅವನ ಮಕ್ಕಳು ಓಡಾಡುತ್ತಾರೆಯೇ? ಅವನ್ನೆಲ್ಲ ಜಮಾಅತ್ ಮಾಡುತ್ತದೆ. ಇದನ್ನೂ ಅದೇ ಮಾಡಬೇಕು. ಹಿಂದೂ ಕೇರಿಗಳಲ್ಲಿ ಸ್ತ್ರೀಶಕ್ತಿ ಸಂಘ ಮಾಡಲಿ, ಪಂಚಾಯತಿಯ ಅರಿವು ಕೇಂದ್ರ ಮಾಡಲಿ.

ಲಕ್ಷ ರೂಪಾಯಿಯ ಯೋಜನೆಯೇನೂ ಅಲ್ಲ ಇದು. ಜನಾಝದ ಪ್ರಕಟಣೆ ಬರೆಯುವ ಕರಿಹಲಗೆಯ ಒಂದು ಮೂಲೆಯಲ್ಲಿ 14416 ಎಂದು ಅಳಿಸದ ಬಣ್ಣದಲ್ಲಿ ಬರೆಯಿರಿ. ಅದರ ಕೆಳಗೆ ಮಕ್ಕಳ ಸಹಾಯವಾಣಿ 1098 ಇರಲಿ, ಅಪ್ಪ ಅಮ್ಮ ಸತ್ತ ಮಕ್ಕಳ ಅಳುವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಯಾರಾದರೂ ಪ್ರಾಣ ಕಳೆದುಕೊಳ್ಳುವ ಮಾತಾಡಿದರೆ ಕರೆ ಮಾಡಿಕೊಟ್ಟು ಹೋಗಿಬಿಡಬೇಡಿ, ಹತ್ತಿರ ಕೂರಿ, 112ಕ್ಕೂ ಫೋನ್ ಮಾಡಿ. ಕಮಿಟಿಯವರಲ್ಲಿ ಒಬ್ಬರು, ಹೆಂಗಸರಲ್ಲಿ ಒಬ್ಬರು ತಾವೇ ಮೊದಲು ಆ ಸಂಖ್ಯೆಗೆ ಕರೆ ಮಾಡಿ ನೋಡಲಿ: ಎಷ್ಟು ಹೊತ್ತು ಕಾಯಿಸಿದರು, ಕನ್ನಡದಲ್ಲಿ ಮಾತಾಡಿದರೇ, ಏನೇನು ಕೇಳಿದರು. ಸರಿಯಿಲ್ಲವೆಂದಾದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದು ಜಗಳವಾಡಲಿ. ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಯಾವ ಮಂಗಳವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯಿಂದ ತಿಳಿದು ಅದನ್ನೂ ಹಲಗೆಗೆ ಏರಿಸಲಿ. ಚೆಹಲುಮ್ಮಿನ ಬಿರಿಯಾನಿಗೆ ಎಷ್ಟು ಕುರಿ ಎಂದು ಮೂರು ಸಭೆ ನಡೆಸುವ ಕಮಿಟಿಗಳು ಬರುವ ಜುಮ್ಮಾದ ನಂತರ ಹತ್ತು ನಿಮಿಷ ಇದಕ್ಕೆ ಕೊಡಲಿ.