ಅವೆನ್ಯೂ ರಸ್ತೆಯ ಜಮಾ-ಖರ್ಚು

ನಗರಗಳ ಹಳೆಯ ವಾಣಿಜ್ಯ ಬೀದಿಗಳನ್ನು ನಡೆದಾಡುವವರಿಗೆ ಅನುಕೂಲವಾಗುವಂತೆ ಪುನರ್‌ರೂಪಿಸಬೇಕೆಂಬ ವಿಚಾರವು ಕಳೆದ ಹಲವು ವರ್ಷಗಳಿಂದ ಯೋಜನಾ ವರದಿಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುತ್ತಿದೆ. ಅಗಲವಾದ ಪಾದಚಾರಿ ಮಾರ್ಗ, ಮೆಟ್ರೊ ಮತ್ತು ಬಸ್ ನಿಲ್ದಾಣಗಳಿಗೆ ಸುಗಮ ಸಂಪರ್ಕ, ಕೆಳಗೆ ಅಂಗಡಿ, ಮೇಲೆ ಮನೆ ಅಥವಾ ಕಚೇರಿ ಎಂಬ ಮಿಶ್ರ ಬಳಕೆ, ಇವು ಅಂತಹ ವರದಿಗಳ ಸಾರಾಂಶ. ವರ್ತಕರ ಸಭೆಗಳಲ್ಲಿ ಈ ವಿಷಯ ಪ್ರಸ್ತಾಪವಾದಾಗ ಸಾಮಾನ್ಯವಾಗಿ ಎರಡೇ ಧ್ವನಿಗಳು ಕೇಳಿಬರುತ್ತವೆ. ವಾಹನ ನಿಲ್ಲಿಸಲು ಸ್ಥಳವಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎಂಬುದು ಒಂದು. ಬೇರೆ ಊರುಗಳಲ್ಲಿ ಆಗಿರುವುದು ಇಲ್ಲೇಕೆ ಆಗಬಾರದು ಎಂಬುದು ಇನ್ನೊಂದು. ಎರಡೂ ಪಕ್ಷದವರು ಲೆಕ್ಕದ ಪುಸ್ತಕವನ್ನು ಮಾತ್ರ ತೆರೆಯುವುದಿಲ್ಲ.

ಬೆಂಗಳೂರಿನ ಅವೆನ್ಯೂ ರಸ್ತೆಯನ್ನು ಉದಾಹರಣೆಯಾಗಿ ಪರಿಶೀಲಿಸಬಹುದು. ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯವರೆಗಿನ ಸುಮಾರು ಒಂದು ಕಿಲೋಮೀಟರಿನ ಈ ಬೀದಿ ಹಿಂದಿನ ದೊಡ್ಡಪೇಟೆ. ಇದು ಚಿಕ್ಕಪೇಟೆಯನ್ನು ಸಂಧಿಸುವ ಚೌಕದಿಂದಲೇ 1537ರಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿ ಪೇಟೆಯ ಬೀದಿಗಳನ್ನು ಗುರುತಿಸಿದರೆಂಬ ಪ್ರತೀತಿಯಿದೆ. ಪಠ್ಯಪುಸ್ತಕ, ಕಾಗದ, ಲೇಖನ ಸಾಮಗ್ರಿ, ಆಭರಣ, ಬಟ್ಟೆ, ಹೀಗೆ ಒಂದೊಂದು ಸರಕಿಗೂ ಈ ಬೀದಿಯಲ್ಲಿ ಅಥವಾ ಅದರ ಅಡ್ಡಬೀದಿಗಳಲ್ಲಿ ಒಂದು ನೆಲೆ. ತಳದಲ್ಲಿ ಅಂಗಡಿ, ಹಿಂಬದಿಯಲ್ಲಿ ಉಗ್ರಾಣ, ಮೇಲೆ ಮಾಲೀಕರ ವಾಸ ಎಂಬ ಪದ್ಧತಿ ಇಲ್ಲಿ ಶತಮಾನಗಳಿಂದ ನಡೆದುಬಂದಿತ್ತು. ಇಂದಿನ ಯೋಜಕರು ಹೊಸದೆಂದು ಚಿತ್ರಿಸುವ ಮಿಶ್ರ ಬಳಕೆಯ ಬೀದಿಯನ್ನು ಪೇಟೆಯ ವರ್ತಕರು ಯಾವ ನಕ್ಷೆಯೂ ಇಲ್ಲದೆ ಕಟ್ಟಿಕೊಂಡಿದ್ದರು. ಅದನ್ನು ಕೆಡಿಸಿದ್ದು ವಾಹನ ಮಾತ್ರವಲ್ಲ. ಮಾಲೀಕರು ಬಡಾವಣೆಗಳಿಗೆ ತೆರಳಿ, ಮೇಲಂತಸ್ತುಗಳೆಲ್ಲ ಗೋದಾಮುಗಳಾದದ್ದು ಅಷ್ಟೇ ಮುಖ್ಯವಾದ ಕಾರಣ.

ವಾಹನ ನಿಲುಗಡೆಯ ವಾದವನ್ನು ಅಂಕಗಣಿತದಿಂದಲೇ ತೂಗಿ ನೋಡಬೇಕು. ಪೇಟೆಯಲ್ಲಿ ಹತ್ತು ಅಡಿ ಮುಖವಿರುವ ಅಂಗಡಿ ಸಾಮಾನ್ಯ. ರಸ್ತೆಯ ಅಂಚಿನಲ್ಲಿ ಉದ್ದಕ್ಕೆ ನಿಂತ ಒಂದು ಕಾರಿಗೆ ಸುಮಾರು ಹದಿನಾರು ಅಡಿ ಬೇಕು. ಅಂದರೆ ಒಬ್ಬ ಗಿರಾಕಿಯನ್ನು ಕರೆತಂದ ಒಂದು ಕಾರು ಒಂದೂವರೆ ಅಂಗಡಿಯ ಮುಖವನ್ನು ಮುಚ್ಚುತ್ತದೆ. ಅದು ಎರಡು ಗಂಟೆ ನಿಂತರೆ ಆ ಎರಡು ಗಂಟೆಯಲ್ಲಿ ಅಲ್ಲಿ ನಡೆದುಹೋಗಬಹುದಾದ ಜನರೆಷ್ಟು ಎಂಬುದನ್ನು ಅಂಗಡಿಯಲ್ಲಿ ಕುಳಿತವರು ತಾವೇ ಎಣಿಸಿಕೊಳ್ಳಬಹುದು. ಇನ್ನು ಬೆಳಿಗ್ಗೆ ಹತ್ತಕ್ಕೆ ಬಂದು ರಾತ್ರಿ ಎಂಟಕ್ಕೆ ತೆರಳುವ ವಾಹನ ಯಾರದೆಂಬುದು ಬೀದಿಯವರೆಲ್ಲರಿಗೂ ತಿಳಿದಿರುವ ಸಂಗತಿ, ಅದು ಗಿರಾಕಿಯದಲ್ಲ.

ರಸ್ತೆಯನ್ನು ಅಗಲಗೊಳಿಸುವ ಹಿಂದಿನ ಪ್ರಸ್ತಾಪಕ್ಕಿಂತ ಪಾದಚಾರಿ ಬೀದಿಯ ಪ್ರಸ್ತಾಪವು ವರ್ತಕರಿಗೆ ಎಷ್ಟೋ ಪಾಲು ಹಿತವಾದುದು ಎಂಬುದನ್ನೂ ಮರೆಯಬಾರದು. 2010ರ ಆಸುಪಾಸಿನಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಅವೆನ್ಯೂ ರಸ್ತೆಯನ್ನು ಅಗಲಗೊಳಿಸಲು ಹೊರಟಾಗ ವರ್ತಕರು ತೀವ್ರವಾಗಿ ಪ್ರತಿಭಟಿಸಿದರು. ಆ ಯೋಜನೆ ಕೈಗೂಡಲಿಲ್ಲ. ಕೈಗೂಡಿದ್ದರೆ ಎಷ್ಟೋ ಅಂಗಡಿಗಳ ಮುಂಭಾಗ ಉರುಳಿ, ಮಾಲೀಕರಿಗೆ ಹಣದ ಬದಲು ಅಭಿವೃದ್ಧಿ ಹಕ್ಕುಪತ್ರ ದೊರೆಯುತ್ತಿತ್ತು. ಪಗಡಿ ಕೊಟ್ಟು ತಲೆಮಾರಿನಿಂದ ವ್ಯಾಪಾರ ಮಾಡುತ್ತಿರುವ ಬಾಡಿಗೆದಾರನಿಗೆ ಕಾಗದವೂ ಇಲ್ಲ, ಹಣವೂ ಇಲ್ಲ.

2017ರ ಜೂನ್‌ನಲ್ಲಿ ಚಿಕ್ಕಪೇಟೆ ಹಾಗೂ ಕೃಷ್ಣರಾಜೇಂದ್ರ ಮಾರುಕಟ್ಟೆ ಮೆಟ್ರೊ ನಿಲ್ದಾಣಗಳು ತೆರೆದ ಮೇಲೆ ಪರಿಸ್ಥಿತಿ ಮೂಲಭೂತವಾಗಿ ಬದಲಾಗಿದೆ. ಹಸಿರು ಮಾರ್ಗವು ಉತ್ತರದಲ್ಲಿ ಮಾದಾವರಕ್ಕೂ ದಕ್ಷಿಣದಲ್ಲಿ ರೇಷ್ಮೆ ಸಂಸ್ಥೆಗೂ ತಲುಪಿದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರಂಭವಾದ ನಂತರ ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗಿಯೂ ಆರ್.ವಿ. ರಸ್ತೆಯಲ್ಲಿ ಒಮ್ಮೆ ರೈಲು ಬದಲಿಸಿ ಚಿಕ್ಕಪೇಟೆಗೆ ಬರಬಹುದು. ಇಷ್ಟು ದೂರವನ್ನು ನಿರಾಯಾಸವಾಗಿ ಕ್ರಮಿಸಿದ ಗಿರಾಕಿಯು ಕೊನೆಯ ಇನ್ನೂರು ಮೀಟರಿನಲ್ಲಿ ಸೋಲುತ್ತಾನೆ. ಕೈಗಾಡಿ, ದ್ವಿಚಕ್ರ ವಾಹನ, ವಿದ್ಯುತ್ ಪೆಟ್ಟಿಗೆ, ಇಳಿಸಿಟ್ಟ ಮೂಟೆಗಳ ನಡುವೆ ಅವನಿಗೆ ಕಾಲಿಡಲು ಸ್ಥಳವಿಲ್ಲ. ಮದುವೆಯ ಸೀರೆಗಾಗಿ ನಾಲ್ಕು ಗಂಟೆ ಪೇಟೆಯಲ್ಲಿ ಕಳೆಯುವ ಕುಟುಂಬದ ಹೆಣ್ಣುಮಕ್ಕಳಿಗೆ ಶುಚಿಯಾದ ಒಂದು ಶೌಚಾಲಯ ದೊರೆಯುವುದು ದುರ್ಲಭ. ಈ ಗಿರಾಕಿಗಳು ಮಾಲ್‌ಗೆ ಹೋದರೆ ಅವರನ್ನು ದೂಷಿಸುವಂತಿಲ್ಲ.

ಸಾರಿಗೆ ಬಂದ ಮಾತ್ರಕ್ಕೆ ವ್ಯಾಪಾರ ತಾನಾಗಿ ಬರುವುದಿಲ್ಲವೆಂಬುದಕ್ಕೆ ಹುಬ್ಬಳ್ಳಿ-ಧಾರವಾಡದ ತ್ವರಿತ ಬಸ್ ಮಾರ್ಗವೇ ನಿದರ್ಶನ. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕ ಓಡಾಟ ಆರಂಭಿಸಿದ ಚಿಗರಿ ಬಸ್ಸುಗಳು ಸುಮಾರು 22 ಕಿಲೋಮೀಟರಿನ ಅವಳಿ ನಗರಗಳ ಅಂತರವನ್ನು ಕುಗ್ಗಿಸಿದವು. ಆದರೆ ರಸ್ತೆಯ ನಡುವೆ ಬೇಲಿ ಹಾಕಿ ಪ್ರತ್ಯೇಕಿಸಿದ ಬಸ್ ಪಥದಿಂದಾಗಿ ಎದುರುಬದಿಯ ಅಂಗಡಿಗೆ ದಾಟಿಹೋಗುವುದೇ ಗಿರಾಕಿಗೆ ಪ್ರಯಾಸವಾಯಿತು. ಜನರನ್ನು ವೇಗವಾಗಿ ಸಾಗಿಸುವ ರಸ್ತೆ ಬೇರೆ, ಜನರು ನಿಂತು ಕೊಳ್ಳುವ ಬೀದಿ ಬೇರೆ. ಅವೆನ್ಯೂ ರಸ್ತೆಗೆ ಬೇಕಾಗಿರುವುದು ಎರಡನೆಯದು. ಸಾಗಿಸುವ ಕೆಲಸವನ್ನು ನೆಲದಡಿಯ ಮೆಟ್ರೊ ಈಗಾಗಲೇ ವಹಿಸಿಕೊಂಡಿದೆ.

ಈ ಚರ್ಚೆಯಲ್ಲಿ ಚರ್ಚ್ ಸ್ಟ್ರೀಟಿನ ಹೆಸರು ಪದೇ ಪದೇ ಬರುತ್ತದೆ. ಕಲ್ಲುಹಾಸಿನೊಡನೆ 2018ರಲ್ಲಿ ನವೀಕೃತಗೊಂಡ ಆ ಬೀದಿಯಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನ ಸಂಚಾರವನ್ನು ನಿಷೇಧಿಸಲಾಗಿತ್ತು. ಜನ ಸೇರಿದರು ಎಂಬುದು ನಿಜ. ಆದರೆ ಪುಸ್ತಕದಂಗಡಿ, ಉಪಾಹಾರಗೃಹಗಳ ಆ ಬೀದಿಯ ಲೆಕ್ಕವನ್ನು ಸಗಟು ವ್ಯಾಪಾರದ ಬೀದಿಗೆ ಯಥಾವತ್ತಾಗಿ ಅನ್ವಯಿಸುವುದು ಸರಿಯಲ್ಲ. ಅವೆನ್ಯೂ ರಸ್ತೆಗೆ ಹತ್ತಿರದ ಹೋಲಿಕೆ ದೆಹಲಿಯ ಚಾಂದನಿ ಚೌಕ್. ಕೆಂಪುಕೋಟೆಯಿಂದ ಫತೇಪುರಿ ಮಸೀದಿಯವರೆಗಿನ ಸುಮಾರು 1.3 ಕಿಲೋಮೀಟರ್ ಬೀದಿಯನ್ನು ಪುನರ್‌ರೂಪಿಸಿ 2021ರ ಸೆಪ್ಟೆಂಬರ್‌ನಲ್ಲಿ ಉದ್ಘಾಟಿಸಿ, ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಗಳನ್ನು ನಿರ್ಬಂಧಿಸಲಾಯಿತು. ಅಲ್ಲಿನ ವರ್ತಕರ ದೂರು ನಿಯಮದ ಬಗೆಗಿಂತ ಅದರ ಪಾಲನೆಯ ಸಡಿಲತೆಯ ಬಗೆಗೇ ಹೆಚ್ಚು. ಚೆನ್ನೈನ ಪಾಂಡಿ ಬಜಾರ್ ಮತ್ತೊಂದು ದಾರಿ ಹಿಡಿಯಿತು. 2019ರಲ್ಲಿ ಸಿದ್ಧವಾದ ಆ ಯೋಜನೆಯಲ್ಲಿ ವಾಹನಗಳನ್ನು ಪೂರ್ಣವಾಗಿ ತಡೆಯದೆ, ನಿಲುಗಡೆಯ ಜಾಗವನ್ನು ಕಾಲುದಾರಿಗೆ ವರ್ಗಾಯಿಸಲಾಯಿತು.

ಸಗಟು ವರ್ತಕನಿಗೆ ಮುಖ್ಯವಾದುದು ಗಿರಾಕಿಯ ಕಾರಲ್ಲ, ಮಾಲಿನ ಗಾಡಿ. ಹಾಸನದಿಂದಲೋ ಚಳ್ಳಕೆರೆಯಿಂದಲೋ ಬಂದ ಚಿಲ್ಲರೆ ವ್ಯಾಪಾರಿ ಮಾಲನ್ನು ಕೈಯಲ್ಲಿ ಹಿಡಿದು ಹೋಗುವುದಿಲ್ಲ; ಆರ್ಡರ್ ಕೊಟ್ಟು ಹೋಗುತ್ತಾನೆ, ಮಾಲು ಲಾರಿ ಪಾರ್ಸೆಲ್ ಕಚೇರಿಯ ಮೂಲಕ ಹೋಗುತ್ತದೆ. ಆದ್ದರಿಂದ ರಾತ್ರಿ ಮಾತ್ರ ಸರಕು ಇಳಿಸಬೇಕೆಂಬ ನಿಯಮ ಬಂದರೆ ಅದರ ವೆಚ್ಚವನ್ನು ಮೊದಲೇ ಲೆಕ್ಕ ಹಾಕಬೇಕು. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರ ಪ್ರಕಾರ ಹೆಚ್ಚುವರಿ ಅವಧಿಯ ದುಡಿಮೆಗೆ ಎರಡು ಪಟ್ಟು ಕೂಲಿ ಸಲ್ಲಬೇಕು. ಇಬ್ಬರು ನೌಕರರ ಅಂಗಡಿಗೆ ರಾತ್ರಿ ಪಾಳಿ ಅಸಾಧ್ಯ. ಬೀದಿಯ ಎರಡು ತುದಿಗಳಲ್ಲಿ ಸಾಮಾನ್ಯ ಇಳಿದಾಣ, ಅಲ್ಲಿಂದ ಅಂಗಡಿಗೆ ಹಗಲಿನಲ್ಲೂ ಕೈಗಾಡಿ ಅಥವಾ ಸಣ್ಣ ವಿದ್ಯುತ್ ಗಾಡಿಗೆ ಅನುಮತಿ, ಇದಲ್ಲದೆ ಯೋಜನೆ ನಡೆಯಲಾರದು. ಹಮಾಲರ ಸಂಘದೊಡನೆ ದರದ ಮಾತುಕತೆಯನ್ನು ಕಲ್ಲು ಹಾಸುವ ಮೊದಲೇ ಮುಗಿಸುವುದು ಜಾಣತನ.

ಮೇಲಂತಸ್ತಿನ ಗೋದಾಮುಗಳ ಪ್ರಶ್ನೆಯೂ ಇದರೊಡನೆ ಸೇರಿಕೊಂಡಿದೆ. ಕಿರಿದಾದ ಮೆಟ್ಟಿಲಿನ ಮೇಲೆ ಕಾಗದ ಮತ್ತು ಬಟ್ಟೆಯ ದಾಸ್ತಾನು ಇಡುವುದು ಬೆಂಕಿಯನ್ನು ಆಹ್ವಾನಿಸಿದಂತೆ. ದಾಸ್ತಾನಿನ ಬಹುಪಾಲನ್ನು ಊರಂಚಿಗೆ ಸಾಗಿಸಿದರೆ ಮೇಲಿನ ಅಂತಸ್ತು ಮನೆಗೋ ಕಚೇರಿಗೋ ಬಾಡಿಗೆಗೆ ದೊರೆಯುತ್ತದೆ. ರಾತ್ರಿಯೂ ಬೀದಿಯಲ್ಲಿ ಜನರಿರುತ್ತಾರೆ. ಹೊಸ ಗೋದಾಮನ್ನು ಹೆಚ್ಚುವರಿ ವ್ಯವಹಾರ ಸ್ಥಳವೆಂದು ಹದಿನೈದು ದಿನಗಳೊಳಗೆ ಜಿಎಸ್‌ಟಿ ನೋಂದಣಿಯಲ್ಲಿ ಸೇರಿಸಲು ಅರ್ಜಿ ಸಲ್ಲಿಸಬೇಕೆಂಬುದನ್ನು ಅನೇಕರು ಮರೆಯುತ್ತಾರೆ.

ಆದರೆ ವರ್ತಕರ ನಿಜವಾದ ಆತಂಕ ಸಿದ್ಧವಾದ ಬೀದಿಯ ಬಗೆಗಲ್ಲ, ಅಗೆದ ಬೀದಿಯ ಬಗೆಗೆ. ಸ್ಮಾರ್ಟ್ ಸಿಟಿ ಯೋಜನೆಯಡಿ ಕಮರ್ಷಿಯಲ್ ಸ್ಟ್ರೀಟಿನಲ್ಲಿ 2020ರಲ್ಲಿ ಆರಂಭವಾದ ಕಾಮಗಾರಿಯಲ್ಲಿ ಹಾಸಿದ ಕಲ್ಲುಗಳನ್ನು 2021ರಲ್ಲಿ ಕಿತ್ತು ಮತ್ತೆ ಹಾಸಬೇಕಾಯಿತು. ಕೋವಿಡ್ ಹೊಡೆತದ ಬೆನ್ನಿಗೇ ಬಂದ ಈ ಪೆಟ್ಟನ್ನು ಅಲ್ಲಿನ ಅಂಗಡಿಗಳು ತಾವೇ ಉಂಡವು. ಅವೆನ್ಯೂ ರಸ್ತೆಯೂ ಅದೇ ಯೋಜನೆಯ ಅಗೆತವನ್ನು ಕಂಡಿದೆ. ಯೋಜನಾ ವೆಚ್ಚದ ಪಟ್ಟಿಯಲ್ಲಿ ಕಲ್ಲು, ಕೊಳವೆ, ದೀಪಕಂಬ ಎಲ್ಲವೂ ಇರುತ್ತವೆ. ಅಂಗಡಿಯ ನಷ್ಟ ಮಾತ್ರ ಇರುವುದಿಲ್ಲ.

ಆ ನಷ್ಟದ ಸ್ವರೂಪವನ್ನು ಕಾಲ್ಪನಿಕ ಅಂಕಿಗಳಿಂದ ತೋರಿಸಬಹುದು. ತಿಂಗಳಿಗೆ 15 ಲಕ್ಷ ರೂಪಾಯಿ ಮಾರಾಟ, ಶೇ. 15ರ ಒಟ್ಟು ಲಾಭಾಂಶವಿರುವ ಅಂಗಡಿಗೆ 2,25,000 ರೂ. ಉಳಿಯುತ್ತದೆ. ಬಾಡಿಗೆ 60,000, ಸಂಬಳ 80,000, ಕ್ಯಾಶ್ ಕ್ರೆಡಿಟ್ ಖಾತೆಯ ಬಡ್ಡಿ 18,000, ವಿದ್ಯುತ್ ಮತ್ತಿತರ 12,000, ಒಟ್ಟು 1,70,000 ಕಳೆದರೆ ನಿವ್ವಳ 55,000. ಬೀದಿ ಅಗೆದಾಗ ಮಾರಾಟ ಶೇ. 40ರಷ್ಟು ಕುಸಿದು 9 ಲಕ್ಷಕ್ಕೆ ಇಳಿದರೆ ಲಾಭಾಂಶ 1,35,000. ಖರ್ಚು ಒಂದು ಪೈಸೆಯೂ ಕಡಿಮೆಯಾಗದು. ತಿಂಗಳಿಗೆ 35,000 ರೂ. ಕೈಯಿಂದ ಹೋಗುತ್ತದೆ. ಎಂಟು ತಿಂಗಳು ಹೀಗೆ ನಡೆದರೆ ನಷ್ಟ 2,80,000. ಬರಬೇಕಾಗಿದ್ದ ಲಾಭವನ್ನೂ ಸೇರಿಸಿದರೆ 7,20,000.

ಪೆಟ್ಟು ಅಲ್ಲಿಗೇ ನಿಲ್ಲುವುದಿಲ್ಲ. ಮಾರಾಟವಾಗದ ದಾಸ್ತಾನು ಹಳೆಯದಾದಂತೆ ಬ್ಯಾಂಕು ಅದನ್ನು ಡ್ರಾಯಿಂಗ್ ಪವರ್ ಲೆಕ್ಕದಿಂದ ಹೊರಗಿಡುತ್ತದೆ. ವರ್ತಕನ ಕೈಯಲ್ಲಿ ಹಣವಿಲ್ಲದೆ, ಅವನಿಗೆ ನೋಟ್‌ಪುಸ್ತಕ, ಫೈಲು, ಚೀಲ ತಯಾರಿಸಿ ಕೊಟ್ಟ ಸಣ್ಣ ಉತ್ಪಾದಕನ ಬಾಕಿ ಉಳಿಯುತ್ತದೆ. 2023ರ ಹಣಕಾಸು ಅಧಿನಿಯಮವು ತಂದ ನಿಯಮದಂತೆ, ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಕಾನೂನಿನ ಅವಧಿಯೊಳಗೆ, ಅಂದರೆ ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನಗಳೊಳಗೆ, ಪಾವತಿಸದ ಮೊತ್ತವು ವಾಸ್ತವವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ಪರಿಗಣಿತವಾಗುತ್ತದೆ. ಪರಿಣಾಮವಾಗಿ ವರ್ಷಾಂತ್ಯದಲ್ಲಿ ಅಂತಹ ಬಾಕಿ ಉಳಿದ ವರ್ತಕನು ಗಳಿಸದ ಆದಾಯದ ಮೇಲೆ ತೆರಿಗೆ ಕಟ್ಟಬೇಕಾಗುತ್ತದೆ. ಪೀಣ್ಯದ ಉತ್ಪಾದಕನಿಗೂ ಪೇಟೆಯ ಅಗೆತಕ್ಕೂ ಸಂಬಂಧವಿಲ್ಲವೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಲಾಭ ಯಾರಿಗೆ ಎಂಬ ಪ್ರಶ್ನೆಯನ್ನೂ ನೇರವಾಗಿಯೇ ಎತ್ತಬೇಕು. ಬೀದಿ ಚೆಂದವಾದರೆ ಮೊದಲು ಏರುವುದು ಬಾಡಿಗೆ. 14 ಚದರ ಮೀಟರಿಗಿಂತ ದೊಡ್ಡದಾದ ವಾಣಿಜ್ಯ ಮಳಿಗೆಗೆ ಕರ್ನಾಟಕ ಬಾಡಿಗೆ ಅಧಿನಿಯಮ, 1999ರ ರಕ್ಷಣೆಯಿಲ್ಲ. ಹನ್ನೊಂದು ತಿಂಗಳ ಕರಾರಿನ ಮೇಲೆ ಕುಳಿತ ಬಾಡಿಗೆದಾರನು ಅಗೆತದ ನಷ್ಟವನ್ನು ಉಂಡು, ಸಿದ್ಧವಾದ ಬೀದಿಯನ್ನು ಬೇರೊಂದು ದೊಡ್ಡ ಬ್ರ್ಯಾಂಡಿಗೆ ಬಿಟ್ಟುಕೊಟ್ಟು ಹೋಗಬೇಕಾದ ಸಂಭವವಿದೆ. ಕಾಮಗಾರಿಯ ಅವಧಿಗೆ ಬಾಡಿಗೆ ರಿಯಾಯಿತಿ, ನಂತರ ಕನಿಷ್ಠ ಐದು ವರ್ಷ ನಿಗದಿತ ಏರಿಕೆ ಎಂಬ ಷರತ್ತುಗಳುಳ್ಳ ಮಾದರಿ ಕರಾರನ್ನು ವಾಣಿಜ್ಯ ಮಂಡಳಿಗಳು ಸಿದ್ಧಪಡಿಸಿ ಮಾಲೀಕರನ್ನೂ ಬಾಡಿಗೆದಾರರನ್ನೂ ಒಟ್ಟಿಗೆ ಕೂರಿಸುವುದು ಸಾಧ್ಯ. ಇಬ್ಬರೂ ಮಂಡಳಿಯ ಸದಸ್ಯರೇ.

ಹೀಗಾಗಿ ಯೋಜನೆಯನ್ನು ವಿರೋಧಿಸುವುದಕ್ಕಿಂತ ಟೆಂಡರಿನ ಷರತ್ತುಗಳನ್ನು ಬರೆಯುವ ಹಂತದಲ್ಲೇ ವರ್ತಕರು ಕೈಹಾಕುವುದು ಲೇಸು. ನೂರು ಮೀಟರಿಗಿಂತ ಹೆಚ್ಚು ಉದ್ದವನ್ನು ಒಮ್ಮೆಗೇ ಅಗೆಯಬಾರದು. ಅದು ಮುಗಿಯದೆ ಮುಂದಿನದನ್ನು ಮುಟ್ಟಬಾರದು. ಶಾಲೆ ತೆರೆಯುವ ಮೇ-ಜೂನ್ ಹಾಗೂ ಗಣೇಶ ಹಬ್ಬದಿಂದ ದೀಪಾವಳಿಯವರೆಗಿನ ಅವಧಿಯಲ್ಲಿ ಗುದ್ದಲಿ ಬೀಳಬಾರದು. ನೀರು, ಒಳಚರಂಡಿ, ವಿದ್ಯುತ್ ತಂತಿಗಳು ಟೆಂಡರ್ ಶ್ಯೂರ್ ಮಾದರಿಯಲ್ಲಿ ಒಂದೇ ಬಾರಿಗೆ ಕಾಲುದಾರಿಯ ಕೆಳಗೆ ಸೇರಬೇಕು. ಗುತ್ತಿಗೆದಾರನಿಂದ ವಸೂಲಾದ ವಿಳಂಬ ದಂಡವು ಪಾಲಿಕೆಯ ಖಜಾನೆಯಲ್ಲಿ ಕರಗದೆ, ಆ ಬೀದಿಯ ಅಂಗಡಿಗಳ ಆಸ್ತಿ ತೆರಿಗೆ ಮತ್ತು ಉದ್ದಿಮೆ ಪರವಾನಗಿ ಶುಲ್ಕದಲ್ಲಿ ವಜಾ ಆಗಬೇಕು. ಆಸ್ತಿ ತೆರಿಗೆಯ ವಜಾ ಮಾಲೀಕನ ಹೆಸರಿಗೆ ಹೋಗುವುದರಿಂದ, ಅದನ್ನು ಬಾಡಿಗೆಯಲ್ಲಿ ಇಳಿಸಬೇಕೆಂಬ ಮಾತು ಮೇಲಿನ ಕರಾರಿನಲ್ಲಿರಬೇಕು.

ಇಂತಹ ಪರಿಹಾರ ಕೇಳುವವರು ನಷ್ಟವನ್ನು ದಾಖಲೆಯಿಂದ ತೋರಿಸಬೇಕಾಗುತ್ತದೆ. ಪೇಟೆಯ ಹಲವು ವರ್ತಕರಿಗೆ ತೊಡಕಾಗುವುದು ಇಲ್ಲಿಯೇ. ಬಿಲ್ಲಿಲ್ಲದೆ ಮಾರಿದ ಮಾಲಿಗೆ ನಷ್ಟದ ಲೆಕ್ಕವೂ ಇಲ್ಲ. ಸಲ್ಲಿಸಿದ ಜಿಎಸ್‌ಟಿ ವಿವರಪತ್ರದಲ್ಲಿ ತಿಂಗಳಿಗೆ 6 ಲಕ್ಷದ ಮಾರಾಟ ತೋರಿಸಿರುವಾತ 15 ಲಕ್ಷದ ವ್ಯಾಪಾರ ಹೋಯಿತೆಂದು ಯಾವ ಅಧಿಕಾರಿಯ ಮುಂದೆಯೂ ಹೇಳಲಾರ. ಕಾಮಗಾರಿಗೆ ಕನಿಷ್ಠ ಒಂದು ವರ್ಷ ಮೊದಲಿನ ತಿಂಗಳವಾರು ಮಾರಾಟ, ಸಂಬಳದ ಪುಸ್ತಕ, ಬಾಡಿಗೆ ರಸೀದಿ, ದಾಸ್ತಾನಿನ ಪಟ್ಟಿ, ಇವುಗಳನ್ನು ಕ್ರಮವಾಗಿ ಇಟ್ಟುಕೊಂಡ ಅಂಗಡಿಗೆ ಮಾತ್ರ ಮಾತನಾಡುವ ನೆಲೆ ಸಿಗುತ್ತದೆ.

ಒಂದು ಕಲ್ಲನ್ನೂ ಹಾಸದೆ ಇಂದೇ ಪರೀಕ್ಷಿಸಬಹುದಾದ ಅಂಶವೆಂದರೆ ಸರಕಿನ ಸಮಯ. ಬೆಳಿಗ್ಗೆ 11ರಿಂದ ಸಂಜೆ 7ರವರೆಗೆ ಟೆಂಪೊಗಳನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ, ಮಾಲೀಕರ ವಾಹನಗಳನ್ನೂ ಹೊರಗಿಟ್ಟು, ವರ್ತಕರ ಸಂಘವು ಸಂಚಾರ ಪೊಲೀಸರ ಸಹಕಾರದಿಂದ ಒಂದು ತಿಂಗಳು ಪ್ರಯೋಗ ನಡೆಸಲಿ. ಪ್ರತಿ ಅಂಗಡಿಯೂ ದಿನದ ಬಿಲ್ಲುಗಳ ಸಂಖ್ಯೆ, ಮಾರಾಟದ ಮೊತ್ತ ಮತ್ತು ಹಮಾಲಿ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ಸಂಘಕ್ಕೆ ಒಪ್ಪಿಸಲಿ. ಹಿಂದಿನ ವರ್ಷದ ಅದೇ ತಿಂಗಳಿನ ಅಂಕಿಗಳೊಡನೆ ಆ ಹಾಳೆಗಳನ್ನು ಹೋಲಿಸಲು ಒಬ್ಬ ಗುಮಾಸ್ತನ ಒಂದು ವಾರದ ಕೆಲಸ ಸಾಕು.