ಅಡಿಕೆಯ ಅಣುವನ್ನು ತಿದ್ದಿದವರು

ಹೊಸ ಔಷಧದ ಹುಟ್ಟಿನಲ್ಲಿ ಸಂಶ್ಲೇಷಿತ ಸಾವಯವ ರಸಾಯನಶಾಸ್ತ್ರದ ಪಾಲೆಷ್ಟು ಎಂದು ತಿಳಿಯಲು ದಾವಣಗೆರೆ ಜಿಲ್ಲೆಯವರಿಗೆ ಅಡಿಕೆಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಚನ್ನಗಿರಿ ಅಡಿಕೆಯ ಊರು. ಅಲ್ಲಿನ ಅಡಿಕೆ ಮಾರಾಟ ಸಹಕಾರ ಸಂಘವಾದ ತುಮ್‌ಕೋಸ್‌ನಲ್ಲಿ ರಾಶಿ ದರ್ಜೆಯ ಅಡಿಕೆಗೆ ಸಿಕ್ಕ ದರದ ಮೇಲೆ ಆ ಸೀಮೆಯ ಮದುವೆ, ಮನೆ ಕಟ್ಟುವ ಲೆಕ್ಕಗಳು ನಿಂತಿರುತ್ತವೆ. ಹೊನ್ನಾಳಿ, ನ್ಯಾಮತಿಗಳಲ್ಲಿ ಭತ್ತದ ಗದ್ದೆ, ಮೆಕ್ಕೆಜೋಳದ ಹೊಲಗಳು ತೋಟಗಳಾಗುತ್ತಿವೆ. ಮಳೆಯನ್ನೇ ನಂಬಿದ ಜಗಳೂರಿನಲ್ಲೂ ಕೊಳವೆಬಾವಿಯ ಧೈರ್ಯದ ಮೇಲೆ ಸಸಿ ಇಟ್ಟವರಿದ್ದಾರೆ. ಈ ಬೆಳೆಯ ಬಗ್ಗೆ ಎರಡು ಮಾತು ಸದಾ ಓಡಾಡುತ್ತವೆ. ಅಡಿಕೆ ಕ್ಯಾನ್ಸರ್‌ಕಾರಕ ಎಂಬುದು ಒಂದು. ಅಡಿಕೆಯಲ್ಲಿ ಔಷಧೀಯ ಗುಣವಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪುರಾವೆ ಗಟ್ಟಿಯಾಗಿದೆ. ಎರಡನೆಯದು ಅರ್ಧ ಮಾತು. ಅಡಿಕೆಯ ಅಣುಗಳಿಂದ ಔಷಧ ಹುಟ್ಟಿದ್ದು ನಿಜ. ಆದರೆ ಹುಟ್ಟಿದ್ದು ಅವುಗಳನ್ನು ಪ್ರಯೋಗಾಲಯದಲ್ಲಿ ತಿದ್ದಿ, ಬೇರೆಯದೇ ಅಣುವಾಗಿ ಕಟ್ಟಿದ ಮೇಲೆ.

ರೂಢಿಯಿಲ್ಲದವರು ಹಸಿ ಅಡಿಕೆ ಅಗಿದರೆ ಸೊಕ್ಕುತ್ತದೆ. ಹಣೆಯಲ್ಲಿ ಬೆವರು, ಬಾಯಲ್ಲಿ ನೀರು, ಎದೆಯಲ್ಲಿ ಸಂಕಟ, ತಲೆಸುತ್ತು. ಇದಕ್ಕೆ ಮುಖ್ಯ ಕಾರಣ ಅರೆಕೋಲಿನ್ ಎಂಬ ಆಲ್ಕಲಾಯ್ಡ್. ಜರ್ಮನಿಯ ರಸಾಯನಶಾಸ್ತ್ರಜ್ಞ ಯಾನ್ಸ್ ಇದನ್ನು 1888ರಲ್ಲಿ ಅಡಿಕೆಯಿಂದ ಬೇರ್ಪಡಿಸಿದ. ಅಡಿಕೆಯ ತೂಕದಲ್ಲಿ ಇದರ ಪಾಲು ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ. ರಚನೆಯೂ ಸರಳವೇ: ಐದು ಇಂಗಾಲ ಮತ್ತು ಒಂದು ಸಾರಜನಕ ಸೇರಿದ ಉಂಗುರ, ಉಂಗುರದಲ್ಲಿ ಒಂದು ಜೋಡಿಬಂಧ, ಸಾರಜನಕದ ಮೇಲೊಂದು ಮೀಥೈಲ್ ಗುಂಪು, ಬದಿಗೆ ಒಂದು ಎಸ್ಟರ್. ಬಿ3 ಜೀವಸತ್ವವಾದ ನಿಕೋಟಿನಿಕ್ ಆಮ್ಲಕ್ಕೆ ಇದು ಹತ್ತಿರದ ನಂಟು. ಅಡಿಕೆಯಲ್ಲಿ ಇದರ ಜೊತೆಗೆ ಗುವಾಕೋಲಿನ್, ಅರೆಕೈಡಿನ್, ಗುವಾಸಿನ್‌ಗಳೂ ಇವೆ. ಎಲೆಗೆ ಹಚ್ಚುವ ಸುಣ್ಣ ಎಸ್ಟರ್ ಬಂಧವನ್ನು ಒಡೆಯುವುದರಿಂದ ಬಾಯೊಳಗೇ ಅರೆಕೋಲಿನ್‌ನ ಒಂದಷ್ಟು ಪಾಲು ಅರೆಕೈಡಿನ್ ಆಗಿ, ಗುವಾಕೋಲಿನ್ ಗುವಾಸಿನ್ ಆಗಿ ಬದಲಾಗುತ್ತದೆ. ತಾಂಬೂಲ ಹಾಕುವವರು ತಲೆಮಾರುಗಳಿಂದ ತಿಳಿಯದೆಯೇ ನಡೆಸಿಕೊಂಡು ಬಂದ ಸಾವಯವ ಕ್ರಿಯೆ ಇದು.

ನರಕೋಶಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಕೂರುವ ಜಾಗದಲ್ಲೇ ಅರೆಕೋಲಿನ್ ಹೋಗಿ ಕೂರುತ್ತದೆ. ಮಸ್ಕರಿನಿಕ್ ಗ್ರಾಹಿಗಳೆಂದು ಕರೆಯುವ ಈ ಜಾಗಗಳಲ್ಲಿ ಎಂ1ರಿಂದ ಎಂ5ರವರೆಗೆ ಐದು ಬಗೆ. ಮಿದುಳಿನಲ್ಲಿ ನೆನಪು, ವಿಚಾರಗಳಿಗೆ ಎಂ1 ಮತ್ತು ಎಂ4 ಬೇಕು. ಜೊಲ್ಲು, ಬೆವರು, ಕರುಳಿನ ಚಲನೆ, ಹೃದಯದ ಬಡಿತಗಳು ಉಳಿದವುಗಳ ಹಿಡಿತದಲ್ಲೂ ಇವೆ. ಅರೆಕೋಲಿನ್‌ಗೆ ಈ ಭೇದ ಗೊತ್ತಿಲ್ಲ, ಎಲ್ಲವನ್ನೂ ಕೆಣಕುತ್ತದೆ. ಅದರ ಎಸ್ಟರ್ ಕೊಂಡಿಯನ್ನು ದೇಹದ ಕಿಣ್ವಗಳು ಬೇಗನೆ ಮುರಿದುಹಾಕುವುದರಿಂದ ಪರಿಣಾಮ ಹೆಚ್ಚು ಹೊತ್ತು ಉಳಿಯುವುದೂ ಇಲ್ಲ. ನಾಯಿಗಳ ಲಾಡಿಹುಳು ತೆಗೆಯಲು ಪಶುವೈದ್ಯರು ಇದನ್ನು ಬಹುಕಾಲ ಬಳಸಿದರು, ಸುರಕ್ಷಿತ ಔಷಧ ಬಂದ ಮೇಲೆ ಬಿಟ್ಟರು. ಅಲ್ಝೈಮರ್ ರೋಗಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಅಲ್ಪ ಸುಧಾರಣೆ ಕಂಡಿತಾದರೂ ನಿತ್ಯ ಕೊಡುವ ಔಷಧವಾಗಲಿಲ್ಲ. ಅಡಿಕೆಯಲ್ಲಿ ಔಷಧವಿದೆ ಎಂಬ ವಾದ ಇಲ್ಲಿಗೇ ನಿಂತಿದ್ದರೆ ಕಥೆ ಮುಗಿದಂತೆಯೇ ಆಗುತ್ತಿತ್ತು.

ಮುಂದಿನದು ಡೆನ್ಮಾರ್ಕಿನಲ್ಲಿ ನಡೆಯಿತು. ಅಡಿಕೆ ಮರವೇ ಇಲ್ಲದ ದೇಶ. ಕೋಪನ್‌ಹೇಗನ್ನಿನ ಪೋವ್ಲ್ ಕ್ರೋಗ್ಸ್‌ಗಾರ್ಡ್ ಲಾರ್ಸನ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಗುವಾಸಿನ್ ಬೆನ್ನು ಹತ್ತಿದರು. ಮಿದುಳಿನ ಅತಿ ಉದ್ರೇಕವನ್ನು ತಣಿಸುವ ಗಾಬಾ ಎಂಬ ರಾಸಾಯನಿಕವನ್ನು ಕೋಶಗಳು ಮತ್ತೆ ಹೀರಿಕೊಳ್ಳದಂತೆ ಗುವಾಸಿನ್ ತಡೆಯುತ್ತದೆ ಎಂದು ಕಂಡಿತು. ಅಂದರೆ ಅದು ಮೂರ್ಛೆ ರೋಗಕ್ಕೆ ಆಗಿಬರಬಹುದು. ಅದರ ಜೋಡಿಬಂಧಕ್ಕೆ ಹೈಡ್ರೋಜನ್ ಸೇರಿಸಿದರೆ ಸಿಗುವ ನಿಪೆಕೋಟಿಕ್ ಆಮ್ಲವೂ ಅದೇ ಕೆಲಸ ಮಾಡುತ್ತಿತ್ತು. ತೊಡಕೆಂದರೆ ಇವೆರಡೂ ವಿದ್ಯುದಂಶ ಹೊತ್ತ, ನೀರನ್ನು ಪ್ರೀತಿಸುವ ಅಣುಗಳು. ರಕ್ತದಿಂದ ಮಿದುಳಿಗೆ ಹೋಗುವ ಕೊಬ್ಬಿನ ತಡೆಗೋಡೆಯನ್ನು ದಾಟಲಾರವು. ನೋವೋ ನಾರ್ಡಿಸ್ಕ್ ಕಂಪನಿಯ ರಸಾಯನಶಾಸ್ತ್ರಜ್ಞರು ನಿಪೆಕೋಟಿಕ್ ಆಮ್ಲದ ಸಾರಜನಕಕ್ಕೆ ಒಂದು ಬಾಲ ಜೋಡಿಸಿದರು. ಬಾಲದ ತುದಿಯಲ್ಲಿ ಗಂಧಕವಿರುವ ಎರಡು ಥಯೋಫೀನ್ ಉಂಗುರಗಳು. ಕೊಬ್ಬಿಗೆ ಒಗ್ಗುವ ಈ ಬಾಲ ಅಣುವನ್ನು ಮಿದುಳಿಗೆ ಎಳೆದೊಯ್ದಿತು. ಎಡಗೈ, ಬಲಗೈಗಳಂತಿರುವ ಅದರ ಎರಡು ರೂಪಗಳಲ್ಲಿ ಹೆಚ್ಚು ಕೆಲಸ ಮಾಡುವ ಒಂದನ್ನಷ್ಟೇ ಆಯ್ದು ಮಾಡಿದ ಟಿಯಾಗಾಬಿನ್ ಎಂಬ ಮೂರ್ಛೆ ರೋಗದ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ ಒಪ್ಪಿಗೆ ಕೊಟ್ಟಿತು.

ಅರೆಕೋಲಿನ್‌ನ ಸರದಿಯೂ ಅಲ್ಲೇ ಬಂತು. ನೋವೋ ನಾರ್ಡಿಸ್ಕ್‌ನ ಪೆರ್ ಸಾವರ್‌ಬರ್ಗ್ ಮತ್ತು ಜೊತೆಗಾರರು, ಅಮೆರಿಕದ ಎಲಿ ಲಿಲ್ಲಿ ಕಂಪನಿಯ ಸಹಯೋಗದಲ್ಲಿ, ಬೇಗ ಮುರಿಯುವ ಎಸ್ಟರನ್ನು ಕಿತ್ತು ಅಲ್ಲಿ ಥಯಾಡಯಝೋಲ್ ಎಂಬ ಐದು ಕೊಂಡಿಯ ಉಂಗುರವನ್ನು ಕೂರಿಸಿದರು. ಗ್ರಾಹಿಯ ಪಾಲಿಗೆ ಅದು ಎಸ್ಟರಿನ ಹಾಗೇ ಕಾಣುತ್ತದೆ. ಕಿಣ್ವದ ಪಾಲಿಗೆ ಮುರಿಯಲು ಸಿಗುವುದಿಲ್ಲ. ಈ ಉಂಗುರಕ್ಕೆ ಆಮ್ಲಜನಕದ ಮೂಲಕ ಇಂಗಾಲದ ಸರಪಳಿಯನ್ನು ಕಟ್ಟಿ, ಒಂದೊಂದೇ ಇಂಗಾಲ ಹೆಚ್ಚಿಸುತ್ತ ಪ್ರತಿ ಅಣುವನ್ನೂ ಪರೀಕ್ಷಿಸಿದರು. ಐದಾರು ಇಂಗಾಲಗಳ ಆಸುಪಾಸಿನಲ್ಲಿ ಗುಣ ಎದ್ದು ಕಂಡಿತು. ಆರು ಇಂಗಾಲದ್ದೇ ಝನೋಮೆಲಿನ್. 1992ರಲ್ಲಿ ಈ ಸರಣಿಯ ವಿವರ ಪ್ರಕಟವಾಯಿತು. ಎಂ1, ಎಂ4ಗಳತ್ತ ಝನೋಮೆಲಿನ್‌ನ ಒಲವು ಹೆಚ್ಚು.

ಅದನ್ನು ಕಟ್ಟಿದ ಬಗೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದರಲ್ಲಿ ಅಡಿಕೆ ಎಲ್ಲೂ ಬರುವುದಿಲ್ಲ. ಮೂಲವಸ್ತು ಪಿರಿಡಿನ್ ಉಂಗುರದ ಒಂದು ಆಲ್ಡಿಹೈಡ್; ಕೈಗಾರಿಕೆಗಳಲ್ಲಿ ಸಿಗುವ ಸರಕು. ಸ್ಟ್ರೆಕರ್ ಕ್ರಿಯೆಯಿಂದ ಅದನ್ನು ಅಮೈನೋನೈಟ್ರೈಲ್ ಮಾಡಲಾಗುತ್ತದೆ. ಸಲ್ಫರ್ ಮಾನೋಕ್ಲೋರೈಡ್ ಜೊತೆ ಸೇರಿಸಿದರೆ ಥಯಾಡಯಝೋಲ್ ಉಂಗುರ ಮುಚ್ಚಿಕೊಳ್ಳುತ್ತದೆ, ಅದರ ಮೇಲೊಂದು ಕ್ಲೋರಿನ್ ಉಳಿಯುತ್ತದೆ. ಹೆಕ್ಸನಾಲ್‌ನ ಸೋಡಿಯಂ ಲವಣ ಆ ಕ್ಲೋರಿನ್ನನ್ನು ಹೊರದಬ್ಬಿ ತಾನು ಕೂರುತ್ತದೆ. ಬಳಿಕ ಮೀಥೈಲ್ ಅಯೋಡೈಡ್. ಕೊನೆಗೆ ಸೋಡಿಯಂ ಬೋರೋಹೈಡ್ರೈಡ್‌ನಿಂದ ಅಪಕರ್ಷಣ. ಸ್ಟ್ರೆಕರ್, ಬೋರೋಹೈಡ್ರೈಡ್ ಎರಡೂ ಬಿ.ಎಸ್‌ಸಿ ಪಠ್ಯದಲ್ಲಿ ಬರುವ ಹೆಸರುಗಳು. ಪರೀಕ್ಷೆಗೆಂದು ಬಾಯಿಪಾಠ ಮಾಡುವ ಸಮೀಕರಣಗಳನ್ನು ಸರಿಯಾದ ಸಾಲಿನಲ್ಲಿ ಜೋಡಿಸಿದರೆ ಮನೋರೋಗದ ಔಷಧವೊಂದು ಸಿಗುತ್ತದೆ. ಆ ಸಾಲು ಯಾವುದೆಂದು ಕಾಣುವುದರಲ್ಲೇ ಈ ಶಾಸ್ತ್ರದ ಪ್ರತಿಭೆ ಇರುವುದು.

ಆದರೂ ಝನೋಮೆಲಿನ್ ಮೊದಲ ಸುತ್ತಿನಲ್ಲಿ ಸೋತಿತು. 343 ಅಲ್ಝೈಮರ್ ರೋಗಿಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಿಗಳ ಭ್ರಮೆ, ಉದ್ವೇಗ, ಅನುಮಾನಗಳು ತಗ್ಗಿದವು. ಆದರೆ ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಅರ್ಧದಷ್ಟು ಮಂದಿ ವಾಂತಿ, ಬೆವರು, ಹೊಟ್ಟೆಯ ಬಾಧೆ ತಾಳಲಾರದೆ ನಡುವೆಯೇ ಬಿಟ್ಟರು. ಮಿದುಳಿಗೆ ಬೇಕಾದದ್ದು ಕರುಳಿಗೆ ಬೇಡವಾಗಿತ್ತು. ಅಡಿಕೆಯ ಸೊಕ್ಕು ಅಣುವನ್ನು ತಿದ್ದಿದ ಮೇಲೂ ಪೂರ್ತಿ ಬಿಟ್ಟಿರಲಿಲ್ಲ.

ದಾರಿ ತೋರಿದ್ದು ಇನ್ನೊಂದು ಗಿಡದ ವಂಶದ ಅಣು. ಬೇಲಿಬದಿಯ ಉಮ್ಮತ್ತಿಯಲ್ಲಿರುವ ಅಟ್ರೋಪಿನ್ ಜಾತಿಯ ವಿಷಗಳು ಮಸ್ಕರಿನಿಕ್ ಗ್ರಾಹಿಗಳನ್ನು ಮುಚ್ಚುತ್ತವೆ. ತಿಂದವರಿಗೆ ಬಾಯಿ ಒಣಗುವುದು ಅದಕ್ಕೇ. ಅದೇ ಟ್ರೋಪೇನ್ ಚೌಕಟ್ಟಿನ ಸಾರಜನಕಕ್ಕೆ ಇನ್ನೊಂದು ಉಂಗುರ ಹೆಣೆದು, ಧನ ವಿದ್ಯುದಂಶ ಸದಾ ಉಳಿಯುವಂತೆ ಮಾಡಿದ ಔಷಧ ಟ್ರೋಸ್ಪಿಯಂ. ಆ ವಿದ್ಯುದಂಶದ ದೆಸೆಯಿಂದ ಅದು ಮಿದುಳನ್ನು ಹೊಗುವುದು ತೀರಾ ಕಡಿಮೆ. ಪದೇ ಪದೇ ಮೂತ್ರಕ್ಕೆ ಹೋಗುವವರಿಗೆ ಕೊಡುತ್ತಿದ್ದ ಈ ಹಳೆಯ ಮಾತ್ರೆಯನ್ನು ಝನೋಮೆಲಿನ್ ಜೊತೆ ಸೇರಿಸಿದರೆ, ಮಿದುಳಿನಲ್ಲಿ ಝನೋಮೆಲಿನ್ ತನ್ನ ಕೆಲಸ ಮಾಡುತ್ತದೆ, ಹೊರಗಿನ ಅಂಗಗಳಲ್ಲಿ ಟ್ರೋಸ್ಪಿಯಂ ಅದನ್ನು ತಡೆಯುತ್ತದೆ. ಇದನ್ನು ಮಾಡಿದ ಅಮೆರಿಕದ ಸಂಸ್ಥೆಯ ಹೆಸರು ಕರುಣಾ ಥೆರಪ್ಯೂಟಿಕ್ಸ್. ಹೆಸರು ಮಾತ್ರ ನಮ್ಮ ಕಡೆಯದು. ಬ್ರಿಸ್ಟಲ್ ಮಯರ್ಸ್ ಸ್ಕ್ವಿಬ್ ಕಂಪನಿ ಅದನ್ನು ಸುಮಾರು 1,400 ಕೋಟಿ ಡಾಲರ್‌ಗೆ ಕೊಂಡಿತು. 2024ರ ಸೆಪ್ಟೆಂಬರ್ 26ರಂದು ಈ ಜೋಡಿ ಔಷಧಕ್ಕೆ, ಸ್ಕಿಝೋಫ್ರೇನಿಯಾದ ಚಿಕಿತ್ಸೆಗಾಗಿ, ಕೊಬೆನ್‌ಫಿ ಎಂಬ ಹೆಸರಿನಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. 1950ರ ದಶಕದ ಕ್ಲೋರ್‌ಪ್ರೊಮಝಿನ್‌ನಿಂದ ಈಚೆಗೆ ಈ ರೋಗಕ್ಕೆ ಬಂದ ಔಷಧಗಳೆಲ್ಲ ಡೋಪಮಿನ್ ಗ್ರಾಹಿಯ ಸುತ್ತಲೇ ಸುತ್ತುತ್ತಿದ್ದವು. ಇದು ಬೇರೆ ದಾರಿ. ವಾಕರಿಕೆ, ಮಲಬದ್ಧತೆ ಇನ್ನೂ ಇವೆ, ಬೆಲೆ ಸಾಮಾನ್ಯರ ಕೈಗೆಟುಕುವಂಥದ್ದಲ್ಲ.

ಈ ಇತಿಹಾಸದಿಂದ ಅಡಿಕೆ ಬೆಳೆಗಾರರು ತಿಳಿಯಬೇಕಾದ ಎರಡು ಸಂಗತಿಗಳು ಅಷ್ಟೇನೂ ಹಿತವಲ್ಲ. ಔಷಧಕ್ಕೆ ಪ್ರೇರಣೆಯಾದ ಮಾತ್ರಕ್ಕೆ ಅಡಿಕೆ ನಿರಪಾಯಕಾರಿ ಆಗುವುದಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಅರೆಕೋಲಿನ್ನನ್ನು ಪ್ರತ್ಯೇಕವಾಗಿ ಪರಿಶೀಲಿಸಿ ಕ್ಯಾನ್ಸರ್ ತರಬಹುದಾದ 2ಬಿ ಗುಂಪಿನಲ್ಲಿಟ್ಟಿದೆ. ಸದಾ ಅಡಿಕೆ ಅಗಿಯುವವರ ಬಾಯಿ ತೆರೆಯಲಾಗದಂತೆ ಗಟ್ಟಿಯಾಗುವ ಕಾಯಿಲೆಯನ್ನು ದಂತವೈದ್ಯರು ಬಲ್ಲರು. ಇನ್ನು ಕೊಬೆನ್‌ಫಿ ಎಷ್ಟೇ ಮಾರಾಟವಾದರೂ ಚನ್ನಗಿರಿಯ ಒಂದು ಮೂಟೆ ರಾಶಿಗೂ ಅದರಿಂದ ಬೇಡಿಕೆ ಬರುವುದಿಲ್ಲ, ಏಕೆಂದರೆ ಅದರ ತಯಾರಿಕೆಗೆ ಅಡಿಕೆ ಬೇಕಿಲ್ಲ. ಔಷಧದ ಹೆಸರಿನಲ್ಲಿ ಬೆಲೆ ಏರುತ್ತದೆಂದು ಸಭೆಗಳಲ್ಲಿ ಭರವಸೆ ಕೊಡುವುದು ಬೆಳೆಗಾರರಿಗೆ ಮಾಡುವ ಉಪಕಾರವಲ್ಲ.

ಸಿಗಬಹುದಾದ ಲಾಭ ಬೇರೆ ಕಡೆಗಿದೆ. ಭಾರತದ ಔಷಧ ಉದ್ಯಮ ಬೆಳೆದದ್ದೇ ಸಾವಯವ ಸಂಶ್ಲೇಷಣೆಯ ಬಲದಿಂದ. 1970ರ ಪೇಟೆಂಟ್ ಕಾಯ್ದೆ ಔಷಧದ ಅಣುವಿಗೆ ಪೇಟೆಂಟ್ ಕೊಡದೆ ತಯಾರಿಸುವ ವಿಧಾನಕ್ಕಷ್ಟೇ ಕೊಟ್ಟಿತು. ಹೊಸ ವಿಧಾನ ಹುಡುಕುವುದರಲ್ಲಿ ನಮ್ಮವರು ಪಳಗಿದರು. 2005ರಲ್ಲಿ ಅಣುವಿಗೂ ಪೇಟೆಂಟ್ ಬಂದ ಮೇಲೆ ಆಟ ಬದಲಾಯಿತು. ಬೆಂಗಳೂರಿನಲ್ಲಿ 1993ರಲ್ಲಿ ಶುರುವಾದ ಸಿಂಜಿನ್‌ನಂತಹ ಸಂಸ್ಥೆಗಳಲ್ಲಿ ರಸಾಯನಶಾಸ್ತ್ರದ ಎಂ.ಎಸ್‌ಸಿ ಪದವೀಧರರು ವಿದೇಶಿ ಕಂಪನಿಗಳಿಗಾಗಿ ಅಣುಗಳನ್ನು ಕಟ್ಟಿಕೊಡುತ್ತಾರೆ. ಕೈ ನಮ್ಮದು, ಯಾವ ಅಣು ಕಟ್ಟಬೇಕೆಂಬ ತೀರ್ಮಾನ ಹೆಚ್ಚಾಗಿ ಬೇರೆಡೆಯದು. ಕಂಪ್ಯೂಟರ್ ಈಗ ಲಕ್ಷಾಂತರ ಅಣುಗಳನ್ನು ಸೂಚಿಸಬಲ್ಲದು, ಆದರೆ ಪರೀಕ್ಷೆಗೆ ಬೇಕಾದ ಪುಡಿಯನ್ನು ಯಾರಾದರೂ ಮಾಡಲೇಬೇಕು. ಏನನ್ನು, ಏಕೆ ಮಾಡಬೇಕೆಂದು ಯೋಚಿಸುವವರು ಇಲ್ಲೇ ತಯಾರಾಗದಿದ್ದರೆ ನಾವು ಗುತ್ತಿಗೆ ಕೆಲಸದಲ್ಲೇ ಉಳಿಯುತ್ತೇವೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮಕ್ಕಳಿಗೆ ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ, ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟಗಳ ರಸಾಯನಶಾಸ್ತ್ರ ವಿಭಾಗಗಳು ದೂರವಿಲ್ಲ. ದಾವಣಗೆರೆಯಲ್ಲಿ ಔಷಧ ವಿಜ್ಞಾನ, ವೈದ್ಯಕೀಯ, ದಂತವೈದ್ಯಕೀಯ ಕಾಲೇಜುಗಳೂ ಇವೆ. ಅಣು ಕಟ್ಟುವವರು, ಅದನ್ನು ಕೋಶಗಳ ಮೇಲೆ ಪರೀಕ್ಷಿಸುವವರು, ರೋಗಿಯನ್ನು ನೋಡುವವರು ಒಂದೇ ಜಿಲ್ಲೆಯಲ್ಲಿದ್ದೂ ಒಂದೇ ಮೇಜಿಗೆ ಬರದಿದ್ದರೆ ಫಲವಿಲ್ಲ. ಕೈಯಲ್ಲಿರುವ ಪುಡಿ ಬೇಕಾದ ಅಣುವೇ ಹೌದೆಂದು ಖಚಿತಪಡಿಸಲು ಎನ್‌ಎಂಆರ್ ಯಂತ್ರ ಬೇಕು. ತಾಲ್ಲೂಕು ಕಾಲೇಜಿಗೆ ಅದನ್ನು ಕೊಳ್ಳಲಾಗದು, ಆದರೆ ಅಲ್ಲಿನ ವಿದ್ಯಾರ್ಥಿಯ ಮಾದರಿಯನ್ನು ಕಡಿಮೆ ಶುಲ್ಕದಲ್ಲಿ ಓದಿಕೊಡುವ ವ್ಯವಸ್ಥೆಯನ್ನು ವಿಶ್ವವಿದ್ಯಾಲಯ ಮಾಡಬಹುದು. ಪ್ರಯೋಗಕ್ಕೆ ಬಳಸಿದ ದ್ರಾವಕಗಳನ್ನು ಚರಂಡಿಗೆ ಸುರಿಯದೆ ವಿಲೇವಾರಿ ಮಾಡುವ ಏರ್ಪಾಡೂ ಅದರೊಂದಿಗೇ ಆಗಬೇಕು. ಅಡಿಕೆ ವಹಿವಾಟಿನ ಸಹಕಾರ ಸಂಘಗಳು ಮತ್ತು ಈ ತಾಲ್ಲೂಕುಗಳ ಜನಪ್ರತಿನಿಧಿಗಳು ಅಡಿಕೆಗೆ ಔಷಧದ ಪಟ್ಟ ಕೊಡಿಸಲು ದೆಹಲಿಗೆ ಹೋಗುವ ಖರ್ಚಿನಲ್ಲಿ ಒಂದು ಪಾಲನ್ನು, ಅಡಿಕೆ ಬೆಳೆಗಾರರ ಮಕ್ಕಳು ಈ ಪ್ರಯೋಗಾಲಯಗಳಲ್ಲಿ ಸಂಶೋಧನೆ ಮಾಡಲು ವಿದ್ಯಾರ್ಥಿವೇತನವಾಗಿ ತೆಗೆದಿಡಲಿ.